ಆಕಾಶದ ಗೋಲವೂ ಉಳವಿಯ ಮೇದಾರನೂ

೧೯೫೮ರ ಬೇಸಿಗೆ. ನಾನು ಸೊರಬದ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿ ಬಂದು ವರ್ಷ ತುಂಬಿತ್ತು. ನಮ್ಮ ಠಾಣೆಗೆ ಆಗ ಬರುತ್ತಿದ್ದ ತಕರಾರುಗಳೆಂದರೆ ಗದ್ದೆಯ ಬದು ಒತ್ತಿದ್ದು, ಯಾರದೋ ದನ ಯಾರದೋ ಪೈರು ಮೇಯ್ದದ್ದು, ಕಾಡಿನಿಂದ ಕದ್ದು ಸಾಗಿಸಿದ ನಾಟಾ, ಇಷ್ಟೇ. ಇಂಥ ಠಾಣೆಯಲ್ಲಿ ಕುಳಿತು ದೇಶದ ಭದ್ರತೆಯ ಗುಪ್ತ ತನಿಖೆಯೊಂದನ್ನು ನಡೆಸಿ ಮುಗಿಸಿದೆ ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ನನ್ನ ಸರ್ವಿಸಿನಲ್ಲಿ ಕೊಲೆ ಕೇಸು ಹಿಡಿದಿದ್ದೇನೆ, ದರೋಡೆಕೋರರನ್ನು ಹಿಡಿದಿದ್ದೇನೆ, ಮೆಡಲೂ ಬಂದಿದೆ. ಆದರೆ ಎದೆಯುಬ್ಬಿಸಿ ಹೇಳಿಕೊಳ್ಳುವುದು ಯಾವುದನ್ನು ಎಂದು ಕೇಳಿದರೆ ಇದನ್ನೇ.

ಆ ಗೋಲವನ್ನು ನಾನೂ ಕಣ್ಣಾರೆ ಕಂಡವನು. ಶಿಕಾರಿಪುರದಲ್ಲಿ ಒಂದು ಮೀಟಿಂಗ್ ಮುಗಿಸಿಕೊಂಡು ಸಂಜೆಯ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಬಳ್ಳಿಗಾವಿಯ ಕಡೆ ತಿರುಗುವ ದಾರಿ ದಾಟಿದ ಮೇಲೆ ಡ್ರೈವರ್ ತಟ್ಟನೆ ಬಸ್ಸು ನಿಲ್ಲಿಸಿ, ಇಳಿದು, ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ನಿಂತ. ನಾವೂ ಇಳಿದೆವು. ಸೂರ್ಯ ಮುಳುಗಿ ಆಗಿತ್ತು. ಆದರೂ ಪಡುವಣ ಆಕಾಶದಲ್ಲಿ ಬಹಳ ಎತ್ತರದಲ್ಲಿ ಬೆಳ್ಳಗಿನ ಗುಂಡೊಂದು ಮಟಮಟ ಮಧ್ಯಾಹ್ನದ ಹಾಗೆ ಹೊಳೆಯುತ್ತಿತ್ತು. ಸದ್ದಿಲ್ಲ, ರೆಕ್ಕೆಯಿಲ್ಲ. ನೋಡುತ್ತಿದ್ದಂತೆ ಕಿತ್ತಳೆ ಬಣ್ಣಕ್ಕೆ ತಿರುಗಿತು, ಕೆಂಪಾಯಿತು, ಆಮೇಲೆ ಯಾರೋ ದೀಪ ಆರಿಸಿದಂತೆ ಇಲ್ಲವಾಯಿತು.

"ರಷ್ಯಾದವರದೇ ರೀ ಇದು, ಪೇಪರಿನಾಗೆ ಬಂದಿತ್ತಲ್ಲ, ನಾಯಿ ಕೂರಿಸಿ ಹಾರಿಸ್ಯಾರೆ ಅಂತ," ಎಂದ ಶಿಕಾರಿಪುರದ ಒಬ್ಬ ಜವಳಿ ವ್ಯಾಪಾರಿ. ಹಿಂದಿನ ಸೀಟಿನ ಮುದುಕಿಯೊಬ್ಬಳು, "ಅಯ್ಯೋ ಶಿವನೆ, ಆ ನಾಯಿಗೆ ಕೂಳು ಹಾಕೋರು ಯಾರು?" ಎಂದು ಮರುಗಿದಳು. ಬಸ್ಸು ಹೊರಟಿತು. ಮಾತು ಮಾತ್ರ ಆನವಟ್ಟಿಯ ಸಂತೆಯವರೆಗೂ ಹಬ್ಬಿ, ಬಿಸಿಲಿನ ಜೊತೆಗೇ ತಣ್ಣಗಾಯಿತು.

ಜನ ಮರೆತರೂ ಸರ್ಕಾರ ಮರೆಯಲಿಲ್ಲ. ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಒಬ್ಬ ಕಾನ್‌ಸ್ಟೇಬಲ್ ಅರಗಿನ ಮುದ್ರೆ ಒತ್ತಿದ ಲಕೋಟೆ ತಂದು ನನ್ನ ಕೈಗೇ ಕೊಟ್ಟ. 'ಟಾಪ್ ಸೀಕ್ರೆಟ್'. ಶಿಕಾರಿಪುರ, ಸೊರಬ ತಾಲ್ಲೂಕುಗಳ ಮೇಲೆ ಕಂಡ ಗುರುತು ಸಿಗದ ವಸ್ತುವೊಂದು ಈ ಭಾಗದಲ್ಲೇ ಕೆಳಗಿಳಿದಿರುವ ಶಂಕೆ ಇದೆ, ಪತ್ತೆ ಹಚ್ಚಿ, ಸಾರ್ವಜನಿಕರಿಗೆ ವಸ್ತುವಿನ ವಿಷಯವನ್ನಾಗಲಿ ತನಿಖೆಯ ಉದ್ದೇಶವನ್ನಾಗಲಿ ತಿಳಿಸಕೂಡದು ಎಂದು ಆದೇಶ. ವಸ್ತು ಎಂಥದ್ದು, ಯಾರದ್ದು ಎಂಬುದನ್ನು ನನಗೂ ತಿಳಿಸಿರಲಿಲ್ಲ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ ಅದು. ನಮ್ಮ ಸೊರಬದಿಂದ ಅದೇನು ಬಹಳ ದೂರವಲ್ಲ. ಆಕಾಶದಲ್ಲಿ ಏನು ಕಂಡರೂ ಮೇಲಿನವರಿಗೆ ಆ ಕಡೆಯ ಗೂಢಚಾರರೇ ಕಾಣುತ್ತಿದ್ದರು.

ನಮ್ಮ ದಫೇದಾರ್ ರುದ್ರಪ್ಪ, ಅಂದರೆ ಹೆಡ್ ಕಾನ್‌ಸ್ಟೇಬಲ್, ಆನವಟ್ಟಿಯ ಕಡೆಯ ಮನುಷ್ಯ. "ಹುಡುಕಾದು ಏನನ್ನ ಸಾರ್?" ಎಂದು ಕೇಳಿದ.

"ಹೇಳೋ ಹಾಗಿಲ್ಲ."

"ನಂಗೂನಾ?"

"ನನಗೇ ಗೊತ್ತಿಲ್ಲ ಮಾರಾಯಾ, ನಡಿ."

ಹೀಗೆ ನಾವಿಬ್ಬರೂ ಸೈಕಲ್ ತುಳಿದುಕೊಂಡು ಊರೂರು ಸುತ್ತಿದೆವು. ಹೊಸಬರು ಯಾರಾದರೂ ಬಂದಿದ್ದರೇನು, ಅಪರೂಪದ್ದು ಏನಾದರೂ ಕಂಡಿತೇನು, ಇಷ್ಟೇ ಕೇಳಬಹುದಾದ ಪ್ರಶ್ನೆ. ಜನ ಪಾಪ, ಕೇಳಿದ್ದಕ್ಕೆ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. ಒಂದೂರಿನಲ್ಲಿ ಮೂರು ಕೊಂಬಿನ ಕರು ತೋರಿಸಿದರು. ಇನ್ನೊಂದೂರಿನಲ್ಲಿ ಕನ್ನಡಕ ಹಾಕಿದ ಹೊಸ ಮೇಷ್ಟರನ್ನೇ ಕರೆತಂದು ನಿಲ್ಲಿಸಿದರು. ನಮ್ಮ ತಾಲ್ಲೂಕಿನ ಉಳವಿಯಲ್ಲೂ ಮನೆಮನೆ ತಿರುಗಿದೆವು; ಕರು, ಮೇಷ್ಟರನ್ನೆಲ್ಲ ನೋಡಿ ಸಾಕಾಗಿ ಅಲ್ಲಿ ಹೊಸಬರ ವಿಷಯವೊಂದನ್ನೇ ಕೇಳಿದೆವು. 'ಏನೂ ದೊರೆತಿಲ್ಲ' ಎಂದು ಬರೆದು ಕಳಿಸಿ ಕೈ ತೊಳೆದುಕೊಂಡೆ ಎಂದುಕೊಂಡಿದ್ದೆ.

ಜುಲೈಯಲ್ಲಿ ಪುನರ್ವಸು ಮಳೆ ಹಿಡಿದಾಗ ಬೆಂಗಳೂರಿನಿಂದ ವಿಶೇಷ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿಳಿದರು. ಅವರ ಹೆಸರು ಬೇಡ. ನೆಟ್ಟಗಿನ ಮನುಷ್ಯ, ಕೆಲಸದಲ್ಲಿ ಚುರುಕು, ನಗು ಮಾತ್ರ ಮನೆಯಲ್ಲಿಟ್ಟು ಬಂದಿದ್ದರು. ನನ್ನ ವರದಿಯನ್ನು ನಂಬದೆ, ನನ್ನನ್ನೂ ಕರೆದುಕೊಂಡು ತಾವೇ ಊರು ತಿರುಗಿದರು. ಉಳವಿಯಲ್ಲಿ ಮೊರ ಕೊಳ್ಳುವ ನೆಪದಲ್ಲಿ ಮೇದಾರ ಹನುಮಪ್ಪನ ಗುಡಿಸಲಿಗೆ ಹೊಕ್ಕರು. ಅಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಈರುಳ್ಳಿ ಸಿಪ್ಪೆಯಂತಹ ತೆಳ್ಳನೆಯ, ಆಚೆಯದು ಈಚೆ ಕಾಣುವ ಹಾಳೆಯ ತುಂಡೊಂದನ್ನು ಕಟ್ಟಿತ್ತು. ಈಗಿನವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಪ್ಲಾಸ್ಟಿಕ್ ಎಂಬ ಮಾತೇ ಉಳವಿಗೆ ಬಂದಿರದ ಕಾಲ ಅದು. ಅಧಿಕಾರಿಯ ಮುಖ ಬಿಗಿಯಿತು.

"ಉಳಿದದ್ದೆಲ್ಲಿ?" ಎಂದು ಕೇಳಿದರು.

ಹನುಮಪ್ಪ ಬಿದಿರ ಮೆಳೆಯಲ್ಲಿ ಸಿಕ್ಕಿತು ಎಂದಷ್ಟೇ ಹೇಳಿ ಬಾಯಿ ಹೊಲಿದುಕೊಂಡ. ಗದರಿಸಿದ್ದಾಯಿತು, ಪುಸಲಾಯಿಸಿದ್ದಾಯಿತು. ನಡುವಯಸ್ಸಿನ ಸಣಕಲು ಆಳು, ಆದರೂ ತುಟಿ ಅಲುಗಲಿಲ್ಲ. ಅವನನ್ನು ಊರ ಚಾವಡಿಯಲ್ಲಿ ಕೂಡಿಸಿದರು. ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಬೆಂಗಳೂರಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಇಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುವವನು ತರಬೇತಾದ ಗೂಢಚಾರನೇ ಇರಬೇಕೆಂದು ಅಧಿಕಾರಿಯ ಲೆಕ್ಕ. ಹೋದವನು ಯಾವಾಗ ಬಂದಾನು, ಬಂದಾನೋ ಇಲ್ಲವೋ, ಹೇಳುವವರಿಲ್ಲ. ಚಾವಡಿಯ ಕಂಬಕ್ಕೆ ಒರಗಿ ಅವನ ಹೆಂಡತಿ ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಈ ಬಡಪಾಯಿ ಪೋರ್ಚುಗೀಸರ ಏಜೆಂಟನಂತೆ! ನಿಲ್ಲಲಾಗದೆ ಗದ್ದೆ ಬಯಲಿನ ಕಡೆ ನಡೆದೆ.

ಮಳೆ ಹೊಯ್ಯುತ್ತಿತ್ತು. ಬಯಲಿನಲ್ಲಿ ನಾಟಿ ನಡೆದಿತ್ತು. ಹೆಂಗಸರು ಗೊರಬು ಹಾಕಿಕೊಂಡು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಗೊರಬು ಎಂದರೆ ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುವ ಬಿದಿರಿನ ಮಳೆಗವಚ. ಎರಡು ಹೆಣಿಗೆಗಳ ನಡುವೆ ಒಣಗಿದ ಎಲೆ ಒತ್ತಿ ಮೇದಾರರು ಅದನ್ನು ಮಾಡಿಕೊಡುತ್ತಾರೆ. ಕೊಡೆ ಹಿಡಿದು ನಾಟಿ ಮಾಡಲಾದೀತೆ? ಗೊರಬಾದರೆ ಎರಡು ಕೈಯೂ ಖಾಲಿ. ನಾನು ತೊಯ್ದು ತೊಪ್ಪೆಯಾಗಿದ್ದನ್ನು ಕಂಡು ಗೌಡರ ಮನೆಯ ಬಸಮ್ಮ, ನಾಟಿ ಸಾಲಿಗೆ ಹಿರಿಯಳು, ಬದುವಿಗೆ ಬಂದು ತನ್ನ ಗೊರಬು ತೆಗೆದು ಕೊಟ್ಟಳು.

"ಹಾಕ್ಕಳ್ರೀ ಸಾಹೇಬ್ರೆ, ಜ್ವರ ಬಂದೀತು. ಈ ಸಲದ್ದು ಭಾಳ ಚಲೋ ಮಾಡ್ಯಾನೆ ಹನುಮಪ್ಪ. ಒಂದು ಹನೀನೂ ಇಳಿಯಂಗಿಲ್ಲ."

ಕೈಗೆ ತೆಗೆದುಕೊಂಡೆ. ಹೂವಿನಷ್ಟು ಹಗುರ. ಎಲೆ ತುಂಬಿದ ಗೊರಬು ನೆನೆದರೆ ಕುತ್ತಿಗೆ ಮುರಿಯುವಷ್ಟು ಭಾರವಾಗುತ್ತದೆ. ಇದು ಆಗಿರಲಿಲ್ಲ. ತಿರುವಿ ಹೆಣಿಗೆಯ ಸಂದಿನಲ್ಲಿ ಬೆರಳು ತೂರಿಸಿ ನೋಡಿದೆ. ಎಲೆಯ ಜಾಗದಲ್ಲಿ ಅದೇ ಈರುಳ್ಳಿ ಸಿಪ್ಪೆಯ ಹಾಳೆ! ತಲೆಯೆತ್ತಿದೆ. ಬಯಲಿನ ತುಂಬ ಗೊರಬುಗಳು. ಬೆಂಗಳೂರು, ದಿಲ್ಲಿ ಎಲ್ಲ ತಲೆ ಕೆಡಿಸಿಕೊಂಡು ಹುಡುಕುತ್ತಿದ್ದ ರಹಸ್ಯ ನಮ್ಮ ಉಳವಿಯ ಹೆಂಗಸರ ಬೆನ್ನ ಮೇಲೆ ಕುಳಿತು ನಾಟಿ ಮಾಡುತ್ತಿತ್ತು.

ಹನುಮಪ್ಪ ಯಾಕೆ ಬಾಯಿ ಬಿಡಲಿಲ್ಲ ಎಂಬುದು ಆಗ ತಟ್ಟನೆ ಹೊಳೆಯಿತು. ಮೇದಾರ, ಕಮ್ಮಾರ, ಬಡಗಿ ಇವರೆಲ್ಲ ವರ್ಷವಿಡೀ ರೈತರ ಮನೆಗೆ ಕೆಲಸ ಮಾಡಿಕೊಡುತ್ತಾರೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಭತ್ತ ಪಡೆಯುತ್ತಾರೆ. ಅದಕ್ಕೆ ಆಯ ಎನ್ನುತ್ತಾರೆ. ಇವು ಅವನ ಆಯದ ಮನೆಗಳು, ಅವನಿಗೆ ಅನ್ನ ಕೊಡುವ ಮನೆಗಳು. ಹೆಸರು ಹೇಳಿದರೆ ಪೊಲೀಸರು ನಾಟಿಯ ನಡುವೆ ನುಗ್ಗಿ ಆ ಹೆಂಗಸರ ತಲೆಯ ಮೇಲಿಂದ ಗೊರಬು ಕಿತ್ತುಕೊಳ್ಳುತ್ತಾರೆ. ಅದಕ್ಕಿಂತ ತಾನು ಜೀಪು ಹತ್ತುವುದೇ ಮೇಲೆಂದು ಕೂತಿದ್ದ ಪುಣ್ಯಾತ್ಮ.

ಆದೇಶ ನನಗೆ ಚೆನ್ನಾಗಿ ನೆನಪಿತ್ತು. ಸಾರ್ವಜನಿಕರಿಗೆ ತಿಳಿಸಕೂಡದು. ತಿಳಿಸಿದರೆ ಬೆಲ್ಟು ಬಿಚ್ಚಿಟ್ಟು ಮನೆಗೆ ಹೋಗಬೇಕು. ನಾನು ಮೊದಲೇ ಮುಂಗೋಪಿ. ಆ ಹೊತ್ತಿನಲ್ಲಿ ಬೆಲ್ಟಿನ ಚಿಂತೆ ಸುಟ್ಟು ಹೋಯಿತು. ಅಲ್ಲೇ ಬದುವಿನ ಮೇಲೆ ನಿಂತು ಬಸಮ್ಮನಿಗೆ ಎಲ್ಲ ಹೇಳಿದೆ. ಗೋಲ, ಹಾಳೆ, ಜೀಪು, ಎಲ್ಲ.

ಬಸಮ್ಮ ಸಾಲಿನ ಕಡೆ ತಿರುಗಿ, "ಏ, ಸಸಿ ಇಳಿಸ್ರೇ. ನಾಟಿ ಆಮ್ಯಾಕೆ. ನಡೀರಿ ಚಾವಡಿಗೆ," ಎಂದಳು. ಹದ ಬಂದ ಗದ್ದೆಯಲ್ಲಿ ನಾಟಿ ನಿಲ್ಲಿಸುವುದೆಂದರೆ ಸಾಮಾನ್ಯದ ಮಾತಲ್ಲ. ಯಾಕೆ ಎಂದು ಒಬ್ಬಳೂ ಕೇಳಲಿಲ್ಲ.

ಜೀಪಿನ ಇಂಜಿನ್ ಆಗಲೇ ಶುರುವಾಗಿತ್ತು. ಹೆಂಗಸರು ಕೆಸರುಗಾಲಿನಲ್ಲೇ ಬಂದು ಚಾವಡಿಯ ಮುಂದೆ ನಿಂತರು. ಒಬ್ಬೊಬ್ಬರಾಗಿ ಗೊರಬು ತೆಗೆದು ಕಟ್ಟೆಯ ಮೇಲೆ ಬೋರಲು ಹಾಕಿದರು. ಹಾಕಿ, ಬರಿದಲೆಯಲ್ಲಿ, ಸುರಿಯುವ ಮಳೆಯಲ್ಲಿ ಹಾಗೇ ನಿಂತರು.

"ನಿಮ್ಮ ಹಾಳೆ ಇದ್ರೊಳಗೈತಿ ಸ್ವಾಮಿ. ಬಿಚ್ಚಿ ತಗಳ್ರಿ," ಎಂದಳು ಬಸಮ್ಮ. "ನಮ್ಮ ಮೇದಾರನ್ನ ನಮಗೆ ಬಿಡ್ರಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ಇವರಿಗೆ ಹೇಳಿದ್ದು ಯಾರು?"

"ನಾನೇ ಸಾರ್."

"ಆದೇಶ ಓದಿದ್ದೀರಾ?"

"ಓದಿದ್ದೇನೆ ಸಾರ್, ಬಾಯಿಪಾಠವೇ ಬರುತ್ತದೆ. ಶಿಕ್ಷೆ ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತು. ಗೂಢಚಾರನಾದವನು ಗುಟ್ಟಿನ ವಸ್ತುವನ್ನು ಊರ ಹೆಂಗಸರ ತಲೆ ಮೇಲೆ ಹೊರಿಸಿ ಗದ್ದೆಗೆ ಕಳಿಸುತ್ತಾನಾ ಸಾರ್?"

ಅವರು ಉತ್ತರ ಕೊಡುವ ಮೊದಲೇ ಚಾವಡಿಯ ಒಳಗಿನಿಂದ ಹನುಮಪ್ಪನ ದನಿ ಬಂತು. ಬೆಳಗಿನಿಂದ ಬಾಯಿ ಬಿಡದಿದ್ದ ಮನುಷ್ಯ ಈಗ ಎದ್ದು ನಿಂತು ಕೂಗುತ್ತಿದ್ದ. "ಅಯ್ಯೋ ಅವ್ವಾ, ಎಂತಕ್ಕೆ ನೆನಿತೀರೇ? ಹಾಕ್ಕಳ್ರೇ ತಲೆ ಮ್ಯಾಲೆ! ನಾನು ಹೋಗಿ ಬರ್ತೀನಿ, ನೀವು ಹಾಕ್ಕಳ್ರೇ!"

ಅಧಿಕಾರಿ ಅವನನ್ನು ನೋಡಿದರು. ಹೆಂಗಸರನ್ನು ನೋಡಿದರು. ಒಂದು ಗೊರಬನ್ನು ಎತ್ತಿ, ಹೆಣಿಗೆಯ ಸಂದಿನಲ್ಲಿ ಮಿನುಗುವ ಹಾಳೆಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಇಂಜಿನ್ ನಿಲ್ಲಿಸುವಂತೆ ಡ್ರೈವರಿಗೆ ಸನ್ನೆ ಮಾಡಿದರು.

"ಎಲ್ಲರೂ ಹಾಕಿಕೊಳ್ಳಿ ತಾಯಿ, ದಯವಿಟ್ಟು," ಎಂದರು. ನಂತರ ನನ್ನ ಕಡೆಗೆ, ತಗ್ಗಿದ ದನಿಯಲ್ಲಿ, "ಸ್ಯಾಂಪಲ್ಲಿಗೆ ಒಂದು ಸಾಕು ರೀ. ಉಳಿದದ್ದು ಹರಿದು ಚೂರಾಗಿದೆ, ಉಪಯೋಗವಿಲ್ಲ ಅಂತ ಬರೆಯೋಣ."

ಬಸಮ್ಮ ತನ್ನದನ್ನೇ ಕೊಟ್ಟಳು. ಅವರು ಕಂಕುಳಲ್ಲಿ ಇರುಕಿಕೊಳ್ಳಲು ಹೋದರೆ ಬಿಡಲಿಲ್ಲ. "ಮುರದೀತು. ತಲೆ ಮ್ಯಾಲೆ ಹಾಕ್ಕಳ್ರಿ. ಮಳೆ ಸರ್ಕಾರದೋರಿಗೂ ಹೊಯ್ತತಿ," ಎಂದು ತಾನೇ ತೊಡಿಸಿದಳು. ಬೆಂಗಳೂರಿನ ವಿಶೇಷ ಅಧಿಕಾರಿ ಗೊರಬು ಹೊದ್ದುಕೊಂಡು ಜೀಪು ಹತ್ತಿದ್ದನ್ನು ಇಡೀ ಉಳವಿ ನೋಡಿತು. ಆಗ ಅವರು ನಕ್ಕದ್ದನ್ನು ನಾನೂ ನೋಡಿದೆ. ನನಗೆ ಶಿಕ್ಷೆ ಬರಲಿಲ್ಲ. ಈ ವಿಷಯ ಎಲ್ಲೂ ಬಾಯಿ ಬಿಡಕೂಡದೆಂಬ ಇನ್ನೊಂದು ಲಕೋಟೆ ಮಾತ್ರ ಬಂತು.

ಆ ಗೋಲ ಏನೆಂದು ಇಂದಿಗೂ ಸರ್ಕಾರ ನನಗೆ ಅಧಿಕೃತವಾಗಿ ತಿಳಿಸಿಲ್ಲ. ಎಷ್ಟೋ ವರ್ಷಗಳ ಮೇಲೆ, ಆಕಾಶದಿಂದ ಬರುವ ಕಿರಣಗಳ ಅಧ್ಯಯನಕ್ಕೆ ನಮ್ಮ ದೇಶದ ವಿಜ್ಞಾನಿಗಳೇ ದೊಡ್ಡ ದೊಡ್ಡ ಬಲೂನುಗಳನ್ನು ಹಾರಿಸುತ್ತಿದ್ದರೆಂದು ಓದಿದೆ. ಅಷ್ಟು ಎತ್ತರದಲ್ಲಿ ಸೂರ್ಯ ಮುಳುಗಿದ ಮೇಲೂ ಬಿಸಿಲು ತಾಗುವುದರಿಂದ ಅವು ಹೊಳೆಯುತ್ತವಂತೆ. ಕೆಳಗೆ ಕಟ್ಟಿದ ಉಪಕರಣಗಳು ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿಯುತ್ತವಂತೆ. ಅದೇ ಇರಬೇಕು. ಸರ್ಕಾರದ ಒಂದು ಕೈ ಹಾರಿಸಿದ್ದನ್ನು ಇನ್ನೊಂದು ಕೈ ಶತ್ರುವಿನದೆಂದು ಹುಡುಕುತ್ತಿತ್ತು ಎಂದು ನನ್ನ ಊಹೆ. ಹೋಗಲಿ. ನನ್ನ ಹೆಮ್ಮೆ ಬಲೂನಿನದಲ್ಲ. ಹದಗೆಟ್ಟರೆ ಹೋಯಿತೆಂದು ತಿಳಿದೂ ನಾಟಿ ನಿಲ್ಲಿಸಿ ಬಂದ ಆ ಹೆಂಗಸರು ನನ್ನ ಠಾಣೆಯ ಸರಹದ್ದಿನವರು, ಅದು ನನ್ನ ಹೆಮ್ಮೆ. ಸಮಯಕ್ಕೆ ನಾನು ಆದೇಶದ ಕಡೆ ನಿಲ್ಲದೆ ಅವರ ಕಡೆ ನಿಂತೆನಲ್ಲ, ಅದೂ.

ಜೀಪು ಹೋದ ಮೇಲೆ ಹನುಮಪ್ಪನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬೀಡಿ ಕೊಟ್ಟೆ. ಸಿಟ್ಟೂ ಪ್ರೀತಿಯೂ ಒಟ್ಟಿಗೇ ಬಂದು ಬೈದೆ. "ಅಲ್ಲಯ್ಯಾ, ಬೇಸಿಗೆಯಲ್ಲಿ ನಾನೇ ನಿನ್ನ ಮನೆ ಬಾಗಿಲಿಗೆ ಬಂದಿದ್ದೆನಲ್ಲ. ಆಗಲೇ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?"

ಹನುಮಪ್ಪ ನನ್ನ ಮುಖವನ್ನೇ ನೋಡಿದ. "ನೀವು ಬಂದು ಕೇಳಿದ್ದು ಹೊಸಬರು ಯಾರಾದ್ರೂ ಬಂದಿದ್ರೇನು ಅಂತ ಸ್ವಾಮಿ. ಬಂದಿರ್ಲಿಲ್ಲ, ಇಲ್ಲ ಅಂದೆ. ಹಾಳೆ ಆವಾಗ ಹಿತ್ತಲ ಬೇಲಿ ಮ್ಯಾಲೆ ಹರವಿತ್ತು. ಇಂಥಾದ್ದು ಕಂಡೀಯೇನೋ ಅಂತ ಒಂದು ಮಾತು ಕೇಳಿದ್ರೆ, ಮಡಚಿ ನಿಮ್ಮ ಸೈಕಲ್ಲಿಗೇ ಕಟ್ಟಿ ಕೊಡ್ತಿದ್ದೆ."

ಆಮೇಲೆ ನಾನು ಬಹಳ ವರ್ಷ ಪೊಲೀಸನಾಗಿದ್ದೆ. ಮುದ್ರೆ ಒತ್ತಿದ ಲಕೋಟೆಗಳು ಇನ್ನೂ ಎಷ್ಟೋ ಬಂದವು. ಯಾವ ಊರಿಗೆ ಹೋದರೂ ಮೊದಲು ಜನರನ್ನು ಕೂರಿಸಿಕೊಂಡು ನಾನು ಏನನ್ನು ಹುಡುಕಲು ಬಂದಿದ್ದೇನೆ ಎಂದು ಬಾಯಿ ಬಿಟ್ಟು ಹೇಳಿದೆ. ಅವರು ತಂದುಕೊಟ್ಟರು.