ಪೆಟ್ಟಿಗೆ ನನ್ನದು, ಜೋಳಿಗೆ ಅತ್ತೆಯದು

ನಮ್ಮ ಮನೆಯ ಎಮರ್ಜೆನ್ಸಿ ಕಿಟ್ಟನ್ನು ಎಮರ್ಜೆನ್ಸಿ ಬರುವ ಮೊದಲೇ ನಾವು ಮುಕ್ಕಾಲು ಪಾಲು ತಿಂದು ಮುಗಿಸಿದ್ದೆವು.

ನಗಬೇಡಿ. ಬೇಸಿಗೆಯಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಂದು ಟ್ರೇನಿಂಗ್ ಆಯಿತು. ಭೂಮಿ ನಡುಗಿದರೆ, ನೆರೆ ಬಂದರೆ ಏನು ಮಾಡಬೇಕು ಅಂತ. (ದೊಡ್ಡ ಭೂಕಂಪ ಕಂಡ ನಮ್ಮ ನಿಲಂಗಾದವರಿಗೆ ಭೂಮಿ ನಡುಗುವ ಬಗ್ಗೆ ಹೇಳಿಕೊಡುವುದೇನಿದೆ? ನಮ್ಮಲ್ಲಿ ಅಡುಗೆಮನೆಯ ಪಾತ್ರೆ ಸದ್ದಾದರೂ ಜನ ಅಂಗಳಕ್ಕೆ ಓಡಿ ಬರುತ್ತಾರೆ.) ಕೊನೆಗೆ ಒಂದು ಚೀಟಿ ಕೊಟ್ಟರು. ಪ್ರತಿ ಮನೆಯಲ್ಲೂ ಮೂರು ದಿನದ ಆಹಾರ ತೆಗೆದಿಟ್ಟಿರಬೇಕು. ಕೆಡಬಾರದು, ಬೇಯಿಸುವ ಗೋಜಿರಬಾರದು, ತಿಂದರೆ ಬಾಯಾರಬಾರದು.

ಇಂಥ ಕೆಲಸ ಅಂದರೆ ನನಗೆ ಎಲ್ಲಿಲ್ಲದ ಹುರುಪು. ಅಟ್ಟದ ಮೇಲಿದ್ದ ಹಳೆಯ ತಗಡಿನ ಪೆಟ್ಟಿಗೆ ಇಳಿಸಿದೆ. ಅವಲಕ್ಕಿ, ಹುರಿಗಡಲೆ, ಶೇಂಗಾ ಚಿಕ್ಕಿ, ಖರ್ಜೂರ, ಹಾಲಿನ ಪುಡಿ, ಬಿಸ್ಕತ್ತು. ಮಗಳು ಸೃಷ್ಟಿಯ ಹಟಕ್ಕೆ ನೂಡಲ್ಸು. ಒಂದೊಂದರ ಮೇಲೂ ಎಕ್ಸ್‌ಪೈರಿ ಡೇಟು ಬರೆದು ಅಂಟಿಸಿದೆ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೃದಯಗಳ ಸುರಿಮಳೆ. ಅತ್ತೆ ಗುರುಬಸವ್ವನವರನ್ನೂ ಕರೆದು ತೋರಿಸಿದೆ. ಎಲ್ಲಾ ಚಲೋ ಅದ ಅಂದು ಹತ್ತಿಯ ಬತ್ತಿ ಹೊಸೆಯುತ್ತ ಕೂತರು.

ಆಮೇಲೆ ಗೊತ್ತಾಯಿತು, ನಮ್ಮ ಮನೆಗೆ ಎಮರ್ಜೆನ್ಸಿ ದಿನಾ ಸಂಜೆ ಐದಕ್ಕೆ ಬರುತ್ತದೆ! ಮೊದಲು ಚಿಕ್ಕಿ ಹೋಯಿತು. ಹೇಳದೆ ಬಂದ ನೆಂಟರಿಗೆ ಅವಲಕ್ಕಿ. ಎಕ್ಸ್‌ಪೈರಿ ಆಗಿ ಹಾಳಾಗಬಾರದಲ್ಲ ಎಂಬ ಲೋಕೋಪಕಾರದ ದೃಷ್ಟಿಯಿಂದ ಸೃಷ್ಟಿ ನೂಡಲ್ಸನ್ನು ತಾನೇ ಖಾಲಿ ಮಾಡಿದಳು. ಮಳೆ ಹಿಡಿದಾಗ ಪೆಟ್ಟಿಗೆಯಲ್ಲಿ ಉಳಿದದ್ದು ಒಂದು ಪೊಟ್ಟಣ ಖರ್ಜೂರ, ಮೂರು ಪುಡಿಕೆ ಬಿಸ್ಕತ್ತು, ಅರ್ಧ ಡಬ್ಬಿ ಹಾಲಿನ ಪುಡಿ.

ಎಂಥ ಮಳೆ ಅಂತೀರಿ! ಎರಡು ದಿನ ಬಿಟ್ಟೂಬಿಡದೆ ಹೊಯ್ದು ಎರಡನೇ ರಾತ್ರಿ ಓಣಿಯ ಹಿಂದಿನ ನಾಲಾ ಉಕ್ಕಿತು. ನಮ್ಮ ಒಂಬತ್ತು ಮನೆಗಳ ಗಲ್ಲಿ ನಡುಗಡ್ಡೆಯಾಯಿತು. ಮಾಂಜ್ರಾ ನದಿಯ ಸೇತುವೆಯ ಮೇಲೆ ನೀರು. ಉದಗೀರದ ದಾಲ್‌ಮಿಲ್ಲಿಗೆ ಕೆಲಸಕ್ಕೆ ಹೋದ ಗಂಡ ಅಲ್ಲೇ ಸಿಕ್ಕಿಬಿದ್ದರು. ಕರೆಂಟಿಲ್ಲ. ಗ್ಯಾಸಿತ್ತು, ಡಬ್ಬಿಗಳ ತಳದಲ್ಲಿ ಅಷ್ಟಿಷ್ಟು ಅಕ್ಕಿ-ಬೇಳೆ ಇತ್ತು. ನಮಗೆ ಕಷ್ಟವಿತ್ತು, ಅಪಾಯವಿರಲಿಲ್ಲ. ಅಪಾಯ ಇದ್ದದ್ದು ಗಲ್ಲಿಯ ನಾಲ್ಕನೇ ಮನೆಯಲ್ಲಿ.

ಅಲ್ಲಿ ಬಾಡಿಗೆಗಿರುವವರು ಗುರೂಜಿ. ಗಣಿತದ ಮಾಸ್ತರರಾಗಿ ನಿವೃತ್ತರಾದವರು. ಒಬ್ಬರೇ ಇರುತ್ತಾರೆ. ಎರಡು ಹೊತ್ತೂ ಮೆಸ್ಸಿನಿಂದ ಡಬ್ಬಿ ಬರುತ್ತದೆ, ಮನೆಯಲ್ಲಿ ಬೆಂಕಿ ಹತ್ತುವುದು ಸಪ್ಪನೆಯ ಚಹಾಕ್ಕೆ ಮಾತ್ರ. ಸೃಷ್ಟಿಗೆ ಲೆಕ್ಕ ಹೇಳಿಕೊಡುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ಯಾರ ಮನೆಯಿಂದಲೂ ಒಂದು ಲಿಂಬೆಹಣ್ಣು ಇಸಿದುಕೊಂಡವರಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸಿದರೆ ಸಕ್ಕರೆ ಕಾಯಿಲೆಯ ಕಾರಣ ಹೇಳಿ ಕೈಮುಗಿಯುತ್ತಾರೆ. ಕಾಯಿಲೆಯೇನೋ ನಿಜ. ಆದರೆ ರೊಟ್ಟಿ ಕಳಿಸಿದರೂ ಹಾಗೇ ಕೈಮುಗಿಯುತ್ತಾರೆ!

ಮಳೆಯ ಮೂರನೇ ಬೆಳಿಗ್ಗೆ ಸೃಷ್ಟಿ ಅವರ ಮನೆಗೆ ಹೋದವಳು ಓಡುತ್ತ ಬಂದಳು. "ಅಮ್ಮಾ, ಗುರೂಜಿ ಕೈ ನಡಗ್ಲಕತ್ಯಾವ. ಅಂಗಿ ಪೂರಾ ಬೆವತು ತೊಯ್ದದ" ಅಂದಳು.

ಗುರೂಜಿ ದಿನಾ ಎಂಟಕ್ಕೆ ಇನ್ಸುಲಿನ್ ಇಂಜೆಕ್ಷನ್ ತಗೊಳ್ಳುತ್ತಾರೆ, ಎಂಟೂವರೆಗೆ ಡಬ್ಬಿ ಬರುತ್ತದೆ. ಅವತ್ತೂ ರೂಢಿಯಂತೆ ಸೂಜಿ ಚುಚ್ಚಿಕೊಂಡಿದ್ದಾರೆ. ಡಬ್ಬಿ ನೀರಿನ ಆಚೆ ದಡದಲ್ಲಿದೆ. ಪರಿಚಯದ ಡಾಕ್ಟರಿಗೆ ಫೋನ್ ಹಚ್ಚಿದೆ. ಹೊಟ್ಟೆ ಖಾಲಿಯಿದ್ದು ಸಕ್ಕರೆ ಇಳಿದುಬಿಟ್ಟಿದೆ, ತಕ್ಷಣ ಏನಾದರೂ ಸಿಹಿ ಬಾಯಿಗೆ ಹಾಕಿ, ಆಮೇಲೆ ಊಟ, ತಡಮಾಡಿದರೆ ಎಚ್ಚರ ತಪ್ಪೀತು ಅಂದರು.

ಖರ್ಜೂರ, ಬಿಸ್ಕತ್ತು ಹಿಡಿದು ನೀರಲ್ಲೇ ಓಡಿದೆ. ಗುರೂಜಿ ಚೌಕಟ್ಟು ಹಿಡಿದು ನಿಂತಿದ್ದರು. ಮುಖ ಬಿಳಚಿಕೊಂಡಿತ್ತು. ನನ್ನ ಕೈಯಲ್ಲಿದ್ದದ್ದನ್ನು ನೋಡಿದ್ದೇ ನಕ್ಕು, ಇವತ್ತು ತಮ್ಮದು ಉಪವಾಸ ಅಂದರು. ಸೋಮವಾರವಲ್ಲ, ಏಕಾದಶಿಯಲ್ಲ, ಎಂಥ ಉಪವಾಸ? ಖರ್ಜೂರ ಉಪವಾಸಕ್ಕೆ ನಡೆಯುತ್ತದಲ್ಲ ಅಂದೆ. ಹಾಗಾದರೆ ಇದು ನಿರಂಕಾರ ಅಂದರು! ಅಂದರೆ ನೀರನ್ನೂ ಮುಟ್ಟದ ಉಪವಾಸ. ಕೈಮುಗಿದೆ. ಡಾಕ್ಟರರ ಮಾತು ಹೇಳಿದೆ. ಗದರಿದೆ. ತಾವು ಆರಾಮಿದ್ದೇವೆ ಅಂದು ಬಾಗಿಲು ಮುಂದೆ ಮಾಡಿಕೊಂಡರು.

ಇನ್ನೊಬ್ಬರ ಕೈಯಿಂದ ತಿನ್ನುವುದಕ್ಕಿಂತ ಸಾಯುವುದು ಸುಲಭ ಅನ್ನಿಸುವ ಜನ ನಿಜಕ್ಕೂ ಇರುತ್ತಾರೆಯೇ? ಇರುತ್ತಾರೆ. ನಾನು ಕಣ್ಣಾರೆ ಕಂಡೆ.

ಅಳುತ್ತ ಮನೆಗೆ ಬಂದೆ. ಅತ್ತೆ ಲಿಂಗಪೂಜೆ ಮುಗಿಸಿ ವಿಭೂತಿಯ ಗಟ್ಟಿ ಮುಚ್ಚಿಡುತ್ತಿದ್ದರು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡರು. ಎದ್ದರು. ಮೊಳೆಗೆ ತೂಗುಹಾಕಿದ್ದ ಜೋಳಿಗೆಯನ್ನು ಇಳಿಸಿ ಹೆಗಲಿಗೆ ಹಾಕಿಕೊಂಡರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮದು ಜಂಗಮರ ಮನೆ. ಸುತ್ತಲಿನ ಲಿಂಗಾಯತ ಮನೆಗಳ ಮದುವೆ, ತೊಟ್ಟಿಲು, ಮಣ್ಣು ಎಲ್ಲಕ್ಕೂ ನಮ್ಮವರೇ ಅಯ್ಯನವರು. ಮಾವನವರು ಇರುವವರೆಗೂ ಪ್ರತಿ ಸೋಮವಾರ ಐದು ಮನೆಗಾದರೂ ಕೋರಾನ್ನ ಭಿಕ್ಷೆಗೆ ಹೋಗುತ್ತಿದ್ದರು. ಹಿಡಿ ಹಿಟ್ಟು, ಹಿಡಿ ಬೇಳೆ ಬೇಡಿ ತಂದು ಅದರಲ್ಲೇ ಅಡುಗೆಯಾಗಬೇಕು. ಭಾಲ್ಕಿಯಿಂದ ಎಂ.ಎ. ಮುಗಿಸಿ ಬಂದ ಸೊಸೆಗೆ ಅದನ್ನು ಸಹಿಸಲಾಗಲಿಲ್ಲ. ಲೆಕ್ಚರರ್ ಮನೆಯವರು ಬೇಡುವುದೇ? ಮಾವನವರು ಹೋದ ಮೇಲೆ ಜೋಳಿಗೆ ಮೊಳೆಯಿಂದ ಇಳಿಯಲಿಲ್ಲ. ಇಳಿಯದ ಹಾಗೆ ನೋಡಿಕೊಂಡವಳು ನಾನೇ.

ಈಗ ಅತ್ತೆ ಅದನ್ನು ಹಾಕಿಕೊಂಡು ಓಣಿಯ ಮೊದಲ ಮನೆಯತ್ತ ಹೊರಟಿದ್ದರು. ನಾನು ಛತ್ರಿ ಹಿಡಿದು ಬೆನ್ನುಹತ್ತಿದೆ. ಸೀದಾ ಗುರೂಜಿ ಮನೆಗೆ ನಡೆಯಿರಿ, ಹೊತ್ತಿಲ್ಲ ಅಂದೆ.

ಅತ್ತೆ ನಿಂತರು. "ಶೋಭಾ, ಅವ್ರೊಬ್ಬರ ಮನಿಗೇ ಹೋದ್ರ ಕರುಣಾ ತೋರಿಸ್ಲಿಕ್ಕಿ ಬಂದಾರ ಅಂತಾರ. ಎಲ್ಲಾರ ಮನಿಗಿ ಹೋಗಿ ಅವ್ರ ಮನಿಗೂ ಹೋದ್ರ ಭಿಕ್ಷಾ ಆಗ್ತದ" ಅಂದರು.

ಮೊದಲ ಮನೆ ದಾಳಿಂಬ ಎಂಬ ಊರಿನಿಂದ ಬಂದು ನೆಲೆಸಿದ ಟ್ರ್ಯಾಕ್ಟರ್ ಡ್ರೈವರನದು. ಬಾಗಿಲಲ್ಲಿ ಜೋಳಿಗೆ ಕಂಡು ಅವನ ಹೆಂಡತಿ ಒಂದು ಗಳಿಗೆ ತಬ್ಬಿಬ್ಬಾದಳು. ಮರುಗಳಿಗೆ ಸೆರಗು ತಲೆ ಮೇಲೆ ಎಳೆದುಕೊಂಡು ಒಳಗೆ ಹೋಗಿ ಬೊಗಸೆ ಅಕ್ಕಿ ತಂದು ಸುರಿದಳು. ಎರಡನೇ ಮನೆ ಫರೀದಾ ಭಾಭಿಯದು. ತೊಗರಿಬೇಳೆ ತಂದರು, ಅಮ್ಮ ಬಂದಿದ್ದಾರೆ ಅಂತ ಮೇಲೊಂದು ಬೆಲ್ಲದ ಹೆಂಟೆ ಇಟ್ಟರು. ಮೂರನೇ ಮನೆಯಲ್ಲಿ ಹೀರೇಕಾಯಿ. ಎರಡು ದಿನದಿಂದ ಇವರೆಲ್ಲ ಕಿಟಕಿಯಲ್ಲಿ ನಿಂತು, ನಮ್ಮಲ್ಲಿ ಮುಗಿಯುತ್ತ ಬಂತು ಅಂತಿದ್ದರು. ಈಗ ಕೇಳಿದರೆ ಎಲ್ಲಿಂದ ಬಂತು? ನನಗೆ ನಂಬಲಿಕ್ಕೇ ಆಗಲಿಲ್ಲ.

ನಾಲ್ಕನೇ ಮನೆ. ಅತ್ತೆ ಹೊಸ್ತಿಲ ಕೆಳಗೆ ನಿಂತು ಜೋಳಿಗೆಯ ಬಾಯಿ ಅಗಲಿಸಿದರು. ಗುರೂಜಿ ಬಾಗಿಲು ತೆರೆದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಜೋಳಿಗೆ ನೋಡಿದರು, ಅತ್ತೆಯ ಮುಖ ನೋಡಿದರು, ತಲೆ ತಗ್ಗಿಸಿದರು.

"ಅಮ್ಮಾ, ಘರಾತ್ ಕಾಹೀ ನಾಹೀ. ಮನ್ಯಾಗ ಏನೂ ಇಲ್ರಿ" ಅಂದರು.

ಕೊಡಲು ಹೋದವಳಿಗೆ ಉಪವಾಸದ ಸುಳ್ಳು. ಬೇಡಲು ಬಂದವರಿಗೆ ನಿಜ!

"ಉಪ್ಪಾದ್ರೂ ಇದ್ದೀತಲ್ರಿ ಗುರೂಜಿ. ಉಪ್ಪಿಲ್ದ ನನ್ನ ಅಡಗಿ ಹ್ಯಾಂಗ ಆಗಬೇಕು?" ಅಂದರು ಅತ್ತೆ.

ಗುರೂಜಿ ಗೋಡೆ ಹಿಡಿದುಕೊಂಡೇ ಒಳಗೆ ಹೋದರು. ಕಾಗದದಲ್ಲಿ ಉಪ್ಪು ಕಟ್ಟಿಕೊಂಡು ಬಂದು, ಎರಡೂ ಕೈಯಿಂದ ಜೋಳಿಗೆಗೆ ಹಾಕಿದರು. ಅತ್ತೆ ಅದೇ ಜೋಳಿಗೆಯಿಂದ ಬೆಲ್ಲದ ಹೆಂಟೆ ತೆಗೆದು, ಹಣೆಗೊತ್ತಿಕೊಂಡು, ಅವರ ಅಂಗೈಯಲ್ಲಿಟ್ಟರು.

"ಭಿಕ್ಷಾ ನೀಡಿದವ್ರು ಪ್ರಸಾದ ಇಲ್ಲೇ ತಗೋಬೇಕ್ರಿ."

ಗುರೂಜಿ ಬೆಲ್ಲವನ್ನು ಕಣ್ಣಿಗೊತ್ತಿಕೊಂಡರು. ಬಾಯಿಗೆ ಹಾಕಿಕೊಂಡರು. ಹೊಸ್ತಿಲ ಮೇಲೆ ಕುಸಿದು ಕೂತರು. ಅತ್ತೆ ಅವಸರ ಮಾಡದೆ ಎದುರಿಗೇ ನಿಂತರು. ಕಾಲುಗಂಟೆಯಲ್ಲಿ ಅವರ ಕೈ ನಡುಗುವುದು ನಿಂತಿತು. ಆ ಮುದುಕಿಯ ಕಾಲಿಗೆ ಅಲ್ಲೇ, ಆ ಕೆಸರು ನೀರಲ್ಲೇ ಬೀಳಬೇಕು ಅನ್ನಿಸಿತು ನನಗೆ. (ಬೀಳಲಿಲ್ಲ. ಕೈಯಲ್ಲಿ ಛತ್ರಿ ಇತ್ತು.)

ಸೃಷ್ಟಿಯನ್ನು ಅವರ ಬಳಿ ಕೂರಿಸಿ ಅತ್ತೆ ಉಳಿದ ಮನೆಗಳನ್ನೂ ಮುಗಿಸಿದರು. ಕೊನೆಗೆ ಬಂದದ್ದು ನಮ್ಮ ಮನೆಗೆ. ಒಳಗೆ ಹೋಗುತ್ತಾರೆ ಅಂದುಕೊಂಡೆ. ಇಲ್ಲ, ತಮ್ಮದೇ ಬಾಗಿಲ ಹೊರಗೆ ನಿಂತು, ನನ್ನನ್ನು ಒಳಗೆ ಹೋಗಲು ಹೇಳಿ, ಜೋಳಿಗೆ ಚಾಚಿದರು!

ಪೆಟ್ಟಿಗೆ ತೆರೆದು ಖರ್ಜೂರದ ಇಡೀ ಪೊಟ್ಟಣ ತಂದೆ. ಅತ್ತೆ ಒಂದು ಹಿಡಿ ಮಾತ್ರ ತಗೊಂಡರು. "ಇಷ್ಟ ಸಾಕವ್ವ. ನಾಳಿನೂ ಬೇಡ್ಲಿಕ್ಕಿ ಬರೋದದ" ಅಂದರು. ಭಿಕ್ಷೆ ಅಂದರೆ ಇಸಿದುಕೊಳ್ಳುವುದು ಅಂತ ಇಷ್ಟು ವರ್ಷ ತಿಳಿದಿದ್ದೆ. ಇವರು ಬೇಡುವ ನೆಪದಲ್ಲಿ ಇಡೀ ಗಲ್ಲಿಯನ್ನು ಕೊಡುವವರ ಸಾಲಿನಲ್ಲಿ ನಿಲ್ಲಿಸಿದ್ದರು. ಕೊಟ್ಟವರು ಉಣ್ಣಲು ಯಾಕೆ ನಾಚಬೇಕು?

ನಮ್ಮ ಗ್ಯಾಸಿನ ಮೇಲೆ, ಮದುವೆಯ ದೊಡ್ಡ ಪಾತೇಲಿಯಲ್ಲಿ ಖಿಚಡಿಯಾಯಿತು. ಒಂಬತ್ತು ಮನೆಗೂ ಹೋಯಿತು. ಗುರೂಜಿ ಎರಡು ಸಲ ಹಾಕಿಸಿಕೊಂಡು ಉಂಡು, ಉಪ್ಪು ಬರೋಬ್ಬರಿ ಆಗಿದೆ ಅಂತ ಸೃಷ್ಟಿಯ ಕೈಯಲ್ಲಿ ಹೇಳಿ ಕಳಿಸಿದರು. ಮರುದಿನವೂ ಜೋಳಿಗೆ ಹೊರಟಿತು. ಅದರ ಮರುದಿನ ನೀರು ಇಳಿಯಿತು, ಡಬ್ಬಿ ಬಂತು, ಗಂಡ ಬಂದರು.

ಈಗ ಗ್ರೂಪಿನಲ್ಲಿ ಎಲ್ಲರೂ ಕಿಟ್ಟಿನ ಲಿಸ್ಟು ಕೇಳುತ್ತಿದ್ದಾರೆ. ಕಳಿಸಿದ್ದೇನೆ. ಹುರಿಗಡಲೆ, ಶೇಂಗಾ, ಅವಲಕ್ಕಿ, ಮರೆಯದೆ ಬೆಲ್ಲ. ಕಿಟ್ಟು ಬೇಕು, ಬೇಡ ಅನ್ನುವವಳು ನಾನಲ್ಲ. ಆದರೆ ಅತ್ತೆಗೆ ಗೊತ್ತಿದ್ದದ್ದನ್ನು ಯಾವ ಲಿಸ್ಟಿನಲ್ಲಿ ಬರೆಯಲಿ?

ಹೋದ ವಾರ ಗುರೂಜಿ ನಮ್ಮ ಬಾಗಿಲಿಗೆ ಬಂದು, ಇವತ್ತು ಮೆಸ್ ಬಂದ್ ಇದೆ, ಒಂದು ವಾಟಿ ಬೇಳೆಸಾರು ಸಿಕ್ಕೀತೇ ಅಂತ ಕೇಳಿದರು. ಅಷ್ಟು ವಯಸ್ಸಾದ ಮೇಲೆ, ಅಷ್ಟು ಬಿಗಿಯಾದ ಮನುಷ್ಯ! ಅತ್ತೆ ದಿನದ ಮಾತೆಂಬಂತೆ ಬಡಿಸಿ ಕೊಟ್ಟರು. ನಾನು ಬೆರಗಾಗಿ ನೋಡುತ್ತ ನಿಂತೆ.

ಮೊನ್ನೆ ಮನೆಯಲ್ಲಿ ಹಾಲು ಒಡೆದಿತ್ತು, ಎದುರಿಗೆ ನೆಂಟರು ಕೂತಿದ್ದರು. ಹಾಲು ಕೇಳೋಣವೆಂದು ವಾಟಿ ಹಿಡಿದು ಫರೀದಾ ಭಾಭಿಯ ಬಾಗಿಲ ತನಕ ಹೋದೆ. ತಟ್ಟಲು ಎತ್ತಿದ ಕೈ ಹಾಗೇ ಇಳಿಸಿ ವಾಪಸು ಬಂದೆ.

ನೀವಾಗಿದ್ದರೆ ತಟ್ಟುತ್ತಿದ್ದಿರಾ?