ಬೆನ್ನಿನಿಂದ ನೋಡುವ ಅಂಬಿಗ

ಸೂರ್ಯ ಇನ್ನೂ ಬಂಡೆಗಲ್ಲಿನ ಗುಡ್ಡದ ಆಚೆಗೇ ಇದ್ದಾನೆ. ಅತ್ತಿಗಿಡದ ದೋಣಿಘಟ್ಟದಲ್ಲಿ ಅಂಬಿಗರ ಅಂದಪ್ಪ ಹರಿಗೋಲನ್ನು ಬೋರಲು ಹಾಕಿಕೊಂಡು, ಎಮ್ಮೆ ತೊಗಲಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಾರೆ. ಕಣ್ಣು ಹೊಳೆಯ ಕಡೆಗಿದೆ. ಬೆರಳು ಮಾತ್ರ ತನ್ನ ಪಾಡಿಗೆ ತಾನು ಹೊಲಿಗೆಯ ಗುಂಟ ನಡೆದು ಒಂದು ಕಡೆ ನಿಲ್ಲುತ್ತದೆ. ಅಲ್ಲಿಗೆ ಚೂರು ರಾಳ ಮೆತ್ತಿ ಹೆಬ್ಬೆರಳಿನಿಂದ ತೀಡುತ್ತಾರೆ. ನಾನು ಹಿಂದೆ ಬಂದು ನಿಂತಿದ್ದೇನೆ, ಕೆಮ್ಮಿಲ್ಲ, ಮಾತಾಡಿಲ್ಲ.

"ಪೇಪರಿನವ್ರು ಹೌದಲ್ರಿ? ಉಸುಕಿನಾಗ ಕಾಲು ಎಳದ ಇಡ್ತೀರಿ. ಎರಿನಾಡಿನವ್ರು ಹಾಂಗ ನಡೀತಾರ. ಕೂಡ್ರಿ," ಎನ್ನುತ್ತಾರೆ. ತಿರುಗಿ ನೋಡುವುದಿಲ್ಲ.

ಹೌದು, ನಾನು ಯಲಬುರ್ಗಾದ ಕರಿಮಣ್ಣಿನವನು. ಮೊಣಕಾಲುದ್ದದ ನೀರು ಕಂಡರೆ ಪಂಚೆಗಿಂತ ಮೊದಲು ಎದೆಯನ್ನು ಹಿಡಿದುಕೊಳ್ಳುವ ಪೈಕಿ. ಗಂಗಾವತಿಯಲ್ಲಿ ಇದ್ದಿಲ ಹೊಗೆಯ ಬಸ್ಸಿನಿಂದ ಇಳಿದು, ಮುಖ ತೊಳೆದುಕೊಂಡು, ಎರಡು ಹರದಾರಿ ನಡೆದು ಇಲ್ಲಿಗೆ ಬಂದಿದ್ದೇನೆ. ಈ ದಂಡೆ ನಿಜಾಮ ಸರಕಾರದ್ದು, ಆ ದಂಡೆ ಇಂಗ್ರೇಜಿ ಸರಕಾರದ್ದು. ನಡುವಿನ ತುಂಗಭದ್ರೆ ಯಾರ ಮಾತೂ ಕೇಳುವುದಿಲ್ಲ. ಮೃಗಶಿರೆ, ಈ ಕಡೆಯವರ ಮಿರಗ ಮಳೆ, ಹುಟ್ಟಿ ನಾಲ್ಕು ದಿನವಾಗಿದೆ. ಮೇಲಿನ ಸೀಮೆಯ ಕೆಂಪು ನೀರು ನಿನ್ನೆ ಸಂಜೆಯಷ್ಟೇ ಬಂದು ಮುಟ್ಟಿದೆ. ಇಂತಹ ನೀರಿಗಾಗಿಯೇ ಅಂದಪ್ಪ ಕಾಯುತ್ತಿದ್ದರು. ಇವತ್ತು ಘಟ್ಟದಲ್ಲಿ ಪರೀಕ್ಷೆ.

ಅಂದಪ್ಪ ಹುಟ್ಟು ಹಿಡಿದು ನಲವತ್ತನಾಲ್ಕು ವರ್ಷ. ವಯಸ್ಸು ಕೇಳಿದರೆ ಅರವತ್ತರ ಆಚೆ ಕೈ ತೋರಿಸುತ್ತಾರೆ. ಒಂದು ಹರಿಗೋಲಿಗೆ ಹನ್ನೆರಡು ಜನ, ಇಲ್ಲವೆ ಎಂಟು ಜನ ಮತ್ತು ನಾಲ್ಕು ಆಡು. ಹೊಳೆ ತುಂಬಿದ ದಿನಗಳಲ್ಲಿ ಹೋಗಿ ಬರುವುದು ಎಂಟು ಸಲ, ಬೇಸಿಗೆಯಲ್ಲಿ ಹದಿನಾಲ್ಕು. ಇದು ಅವರ ಅರ್ಧ ಕೆಲಸ. ಉಳಿದರ್ಧ ಕಲಿಸುವುದು. ಈ ಹೊಳೆಯ ಆರು ಘಟ್ಟಗಳಲ್ಲಿ ಹುಟ್ಟು ಹಾಕುವ ಮೂವತ್ತೊಂದು ಮಂದಿಗೆ ಅವರೇ ಉಸ್ತಾದರು. ಹೊಳೆ ದಾಟುವ ನಾವು ಯಾರೂ ಆ ಹೆಸರು ಕೇಳಿಲ್ಲ. ದಾಟಿದ ಮೇಲೆ ಪಂಚೆ ಝಾಡಿಸಿಕೊಂಡು ಸಂತೆಗೆ ಹೋಗುತ್ತೇವೆ.

ಹತ್ತು ಹನ್ನೆರಡು ವರ್ಷದ ಹಿಂದೆ ಸರಕಾರದ ಒಂದು ಹುಕುಂ ಬಂತು. ಅಂಬಿಗನಾದವನಿಗೆ ಪರವಾನಗಿ ಬೇಕು. ಅದು ಒಂದೇ ವರ್ಷ ನಡೆಯುತ್ತದೆ. ಇಪ್ಪತ್ತು ವರ್ಷ ಹುಟ್ಟು ಹಾಕಿದವನಾದರೂ ಪ್ರತಿ ಮಿರಗಕ್ಕೆ ಹೊಸ ನೀರಿನಲ್ಲಿ ದಾಟಿ ತೋರಿಸಬೇಕು. ದಾಟಿದ್ದು ಸರಿಯಾಗಿದೆ ಎಂದು ಉಸ್ತಾದ ಹೆಬ್ಬೆಟ್ಟು ಒತ್ತಬೇಕು. ಅಂಬಿಗರು ಗೊಣಗಿದರು. ನೀರಿನಲ್ಲೇ ಹುಟ್ಟಿದವರಿಗೆ ವರ್ಷ ವರ್ಷ ಎಂಥ ಪರೀಕ್ಷೆ ಎಂದರು. ಅಂದಪ್ಪ ಮಾತ್ರ ಹುಕುಮಿನ ಕಡೆಗೇ ನಿಂತರು.

"ಹ್ವಾದ ವರ್ಷದ ಹೊಳಿ ಈ ವರ್ಷ ಇರೂದಿಲ್ರಿ. ಉಸುಕು ಜಾಗಾ ಬಿಡತೈತಿ, ಸುಳಿ ಸರೀತೈತಿ. ನನಗೆಲ್ಲಾ ಗೊತ್ತೈತಿ ಅನ್ನಾವನ ಕೈಯಾಗ ಮಂದೀನ ಕೊಡಬಾರದು," ಎನ್ನುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಎಲ್ಲ ಅಂಬಿಗರನ್ನೂ, ಹಳಬರನ್ನೂ ಬಿಡದೆ, ಎಂಟು ದಿನ ಹೊಳೆಯ ಪಾತ್ರದಲ್ಲಿ ಬರಿಗಾಲಲ್ಲಿ ನಡೆಸುತ್ತಾರೆ. ಯಾವ ಬಂಡೆ ಎಲ್ಲಿದೆ, ಯಾವ ಗುಂಡಿ ಹೊಸದು, ಎಲ್ಲವನ್ನೂ ಅಂಗಾಲು ಕಲಿಯಬೇಕು.

ಪರೀಕ್ಷೆಯ ರೀತಿ ಅವರ ಸೋದರಮಾವನ ಕಾಲದ್ದು. ಹುಟ್ಟು ಹಾಕುವವನಿಗೆ ಬೆನ್ನು ಕೊಟ್ಟು, ಆಚೆ ದಂಡೆಗೆ ಮುಖ ಮಾಡಿ ಉಸ್ತಾದ ಕೂರುತ್ತಾನೆ. ಮಾತಿಲ್ಲ, ಸೂಚನೆಯಿಲ್ಲ. ಹೋಗಿ ಬರುವತನಕ ಅವನು ತಿರುಗಿ ನೋಡದಿದ್ದರೆ ಪಾಸು. ತಿರುಗಿದನೋ, ಮುಗಿಯಿತು, ದಾಟಿಸಿದವನು ಆ ವರ್ಷ ಹುಟ್ಟು ಮುಟ್ಟುವಂತಿಲ್ಲ.

"ಬೆನ್ನು ಯಾಕ?" ಎಂದು ಕೇಳಿದೆ.

"ಕಣ್ಣು ಮಖಾ ನೋಡಿ ಮೋಸ ಹೋಗತೈತ್ರಿ. ಇವ ನಮ್ಮಾವ, ಇವ ಬಡವ, ಇವ ಭಾಳ ಅಂಜ್ಯಾನ, ಹೋಗ್ಲಿ ಬಿಡು ಅನ್ನತೈತಿ. ಬೆನ್ನಿಗೆ ಮಖಾ ಕಾಣೂದಿಲ್ಲ. ಹುಟ್ಟು ತಪ್ಪಿದ್ರ ಹರಿಗೋಲಿನ ತೊಗಲು ನಡಗತೈತಿ, ಅದು ಸೀದಾ ಬೆನ್ನುಹುರಿಗೆ ಬರತೈತಿ."

ಇದನ್ನು ಬರೆದುಕೊಂಡು ಭಾರೀ ಮಾಲು ಸಿಕ್ಕಿತೆಂದು ಖುಷಿಪಟ್ಟೆ. ಅಂದಪ್ಪ ನನ್ನ ಪೆನ್ಸಿಲ್ ನಿಲ್ಲುವತನಕ ಕಾದರು. ಆಮೇಲೆ ದನಿ ತಗ್ಗಿಸಿ, "ಅಷ್ಟ ಬರಕೊಂಡು ಹೋಗಬ್ಯಾಡ್ರಿ. ಬೆನ್ನಿಗೆ ಗೊತ್ತಾದ್ರ ಸಾಲೂದಿಲ್ಲ. ಕುತ್ತಿಗಿ ತಿರುಗಬೇಕು. ನಂದು ಒಂದ್ ಸಲ ತಿರುಗಲಿಲ್ಲ," ಎಂದರು.

ಐದು ವರ್ಷದ ಹಿಂದಿನ ಮಾತು, ಮೂವತ್ತೆಂಟನೆಯ ಇಸವಿ. ಮಗಳು ಹಂಪವ್ವನ ಗಂಡ ದೇವೇಂದ್ರಪ್ಪ ಪರೀಕ್ಷೆಗೆ ಬಂದಿದ್ದ. ನಡುಹೊಳೆಯಲ್ಲಿ ಎಮ್ಮೆಬಂಡೆ ಎಂಬ ಮುಳುಗುಬಂಡೆಯಿದೆ, ಅದರ ಮಗ್ಗುಲಿಗೆ ಸುಳಿ. ಅಲ್ಲಿ ಹುಟ್ಟನ್ನು ಮೇಲೆತ್ತಿಕೊಂಡು ಹರಿಗೋಲು ಒಂದು ಸುತ್ತು ತಾನೇ ತಿರುಗಲು ಬಿಡಬೇಕು, ಸುತ್ತು ಮುಗಿಯುವ ಹೊತ್ತಿಗೆ ಹುಟ್ಟು ಹಾಕಿ ಹೊರಬೀಳಬೇಕು. ದೇವೇಂದ್ರಪ್ಪ ಅಂಜಿ ಸುತ್ತಿಗೆ ಎದುರಾಗಿ ಹುಟ್ಟು ಒತ್ತಿದ. ಹರಿಗೋಲು ವಾಲಿತು, ಹೇಗೋ ಸಾವರಿಸಿಕೊಂಡಿತು.

"ಬೆನ್ನಿಗೆ ಗೊತ್ತಾತ್ರಿ. ಸೂಜಿ ಚುಚ್ಚಿದಾಂಗ ಗೊತ್ತಾತು. ತಿರಗಬೇಕಿತ್ತು. ಮಗಳು ದಂಡಿ ಮ್ಯಾಲ ನಿಂತಿದ್ಲು, ಏಳ ತಿಂಗಳ ಗರ್ಭಿಣಿ. ಅಕಿ ಮುಂದ ಹ್ಯಾಂಗ ತಿರಗೂದು ಅಂತ ಎದುರಿನ ಗುಡ್ಡಾ ನೋಡಕೋತ ಕುಂತೆ. ಗುಡ್ಡಾ ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ ನಾ." ದಂಡೆಗೆ ಬಂದು ಹೆಬ್ಬೆಟ್ಟು ಒತ್ತಿದರು.

ಹತ್ತೊಂಬತ್ತನೆಯ ದಿನ ಅದೇ ಸುಳಿಯಲ್ಲಿ ದೇವೇಂದ್ರಪ್ಪ ಅದೇ ತಪ್ಪು ಮಾಡಿದ, ಹರಿಗೋಲು ಮಗುಚಿತು. ಹರಿಗೋಲಿನಲ್ಲಿ ಹನ್ನೊಂದು ಜನ. ಹತ್ತು ಮಂದಿ ಅಂಚು ಹಿಡಿದು ಉಳಿದರು. ಮೊಸರು ಮಾರುವ ಸಣ್ಣವ್ವ, ಎರಡು ಮಕ್ಕಳ ತಾಯಿ, ಎರಡು ಕೈಯಲ್ಲೂ ಗಡಿಗೆ ಹಿಡಿದಿದ್ದಳು. ಅಂಚು ಹಿಡಿಯಲು ಅವಳಿಗೆ ಕೈ ಉಳಿದಿರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ, ಇವನು ಪರೀಕ್ಷೆಯಲ್ಲಿ ಸರಿಯಾಗಿ ದಾಟಿದ್ದನೇ ಎಂದು ಕೇಳಿದಾಗ ಅಂದಪ್ಪ ಹೌದೆಂದರು. ವಿಚಾರಣೆಯ ಕಡತ ಮುಚ್ಚಿತು. ಇಷ್ಟು ಹೇಳಿ ನನ್ನ ಕಡೆ ನೋಡಿ, "ಆಗ ನಿಮ್ಮ ಪೇಪರಿನಾಗ ಬಂದಿತ್ತಂತಲ್ರಿ, ಹೊಳಿ ಸಿಟ್ಟಿಗೆದ್ದು ಅಕೀನ ತಗೊಂತು ಅಂತ? ಯಾರೋ ಓದಿ ಹೇಳಿದ್ರು. ಅವತ್ತು ಹೊಳಿ ಸಿಟ್ಟಿನಾಗ ಇರಲಿಲ್ರಿ. ದಿನಾ ಇದ್ದಾಂಗ ಇತ್ತು," ಎಂದರು.

ಅದನ್ನು ಬರೆದವನು ನಾನೇ. ಕೊಪ್ಪಳದಲ್ಲಿ ಕುರ್ಚಿಯ ಮೇಲೆ ಕೂತು, ಯಾರೋ ತಂದ ಸುದ್ದಿಗೆ 'ನದಿಯ ರೋಷಕ್ಕೆ ಮಹಿಳೆ ಬಲಿ' ಎಂದು ತಲೆಬರಹ ಕೊಟ್ಟು, ಊಟಕ್ಕೆ ಎದ್ದು ಹೋಗಿದ್ದೆ. ಸಣ್ಣವ್ವನ ಹೆಸರನ್ನೂ ಹಾಕಿರಲಿಲ್ಲ. ನಾನೇ ಬರೆದದ್ದು ಎಂದು ಅಂದಪ್ಪನಿಗೆ ಹೇಳಿದೆ. ಅವರು ಬೈದಿದ್ದರೆ ಹಗುರವಾಗುತ್ತಿತ್ತು. "ನಾ ಹೇಳಿದ ಸುಳ್ಳನ್ನ ನೀವು ಬರದ್ರಿ," ಎಂದು ಪಾಲು ತಾವೇ ತೆಗೆದುಕೊಂಡರು. ನಾಚಿಕೆಯಿಂದ ನನ್ನ ಕಿವಿ ಕಾದುಹೋದವು.

ಮರುವರ್ಷದ ಪರೀಕ್ಷೆಯ ದಿನ ಅಂದಪ್ಪ ಆರೂ ಘಟ್ಟದ ಅಂಬಿಗರ ಮುಂದೆ ನಿಂತು ನಿಜ ಹೇಳಿದರು. ಸಣ್ಣವ್ವನ ಗಂಡನ ಮನೆಗೆ ಹೋಗಿ ಹೇಳಿದರು. ಅವನು ಬಾಗಿಲು ಹಾಕಿಕೊಂಡ, ಇವತ್ತಿಗೂ ತೆರೆದಿಲ್ಲ. ದೇವೇಂದ್ರಪ್ಪ ಹುಟ್ಟು ಬಿಟ್ಟು ತಳಕಲ್ಲಿನ ಕಡೆ ಹೊಲದ ಕೆಲಸಕ್ಕೆ ಹೋದ. ಅಂದಪ್ಪ ಒಂದು ಹೊಸ ಕಟ್ಟಳೆ ಹಾಕಿಕೊಂಡರು. ಹುಕುಮಿನ ಪ್ರಕಾರ ಉಸ್ತಾದನಿಗೆ ಪರೀಕ್ಷೆಯಿಲ್ಲ. ಅವರು ಮಾತ್ರ ಪ್ರತಿ ವರ್ಷ ಎಲ್ಲರಿಗಿಂತ ಮೊದಲು ತಾವೇ ಪರೀಕ್ಷೆ ಕೊಡುತ್ತಾರೆ. ಬೆನ್ನು ಕೊಟ್ಟು ಕೂರುವವನು ಅವರ ಶಿಷ್ಯ ನೂರಸಾಬ, ಮೂವತ್ತೈದರ ಆಳು. ಅವನು ತಿರುಗಿದರೆ ಅಂದಪ್ಪ ಹುಟ್ಟು ಮುಟ್ಟುವಂತಿಲ್ಲ, ಯಾರಿಗೂ ಹೆಬ್ಬೆಟ್ಟು ಒತ್ತುವಂತೆಯೂ ಇಲ್ಲ. ನಾಲ್ಕು ವರ್ಷ ಅವನು ತಿರುಗಿಲ್ಲ, ತಿರುಗುವ ಕಾರಣವೂ ಬಂದಿರಲಿಲ್ಲ.

ಇವತ್ತು ನೂರಸಾಬ ನನ್ನನ್ನು ಅತ್ತಿಗಿಡದ ಮರೆಗೆ ಕರೆಯುತ್ತಾನೆ. "ಸಾಹೇಬ್ರ, ಉಸ್ತಾದರ ಬಲರಟ್ಟಿ ಚಳಿಗಾಲದಿಂದ ಮ್ಯಾಲ ಏಳವಲ್ದು. ಯಾರಿಗೂ ಹೇಳಿಲ್ಲ ಅವ್ರು. ನನಗ ಹುಟ್ಟು ಕೊಟ್ಟಾವ್ರು, ಅನ್ನಾ ಕೊಟ್ಟಾವ್ರು. ನಾ ಹ್ಯಾಂಗ ತಿರಗ್ಲಿ ಹೇಳ್ರಿ?"

"ಹಿರೇ ಮನಷ್ಯಾರು. ಇದೊಂದು ವರ್ಷ ಬಿಟ್ಟುಬಿಡು," ಎಂದೆ ನಾನು.

ಎಷ್ಟು ಸಲೀಸಾಗಿ ಬಾಯಿಂದ ಬಂತು ಆ ಮಾತು! ಈಗಷ್ಟೇ ಸಣ್ಣವ್ವನ ಕತೆ ಕೇಳಿ ಕಿವಿ ಕೆಂಪಾಗಿಸಿಕೊಂಡ ಅದೇ ಮನುಷ್ಯ ನಾನು. ನೂರಸಾಬ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ನೀರಿನ ಕಡೆ ಹೋಗುತ್ತಾನೆ.

ಹಂಪವ್ವ ರೊಟ್ಟಿಬುತ್ತಿ ಹಿಡಿದು ಬಂದಿದ್ದಾಳೆ. ಪ್ರತಿ ವರ್ಷ ಈ ದಿನ ಬರುತ್ತಾಳೆ, ಬುತ್ತಿ ಇಟ್ಟು ಹೋಗುತ್ತಾಳೆ, ಪರೀಕ್ಷೆ ನೋಡುವುದಿಲ್ಲ. ಇವತ್ತೇಕೋ ನಿಂತಿದ್ದಾಳೆ. ಆರು ಘಟ್ಟದ ಅಂಬಿಗರು ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಹರಿಗೋಲಿನಲ್ಲಿ ನೂರಸಾಬ ಆಚೆ ದಂಡೆಗೆ ಮುಖ ಮಾಡಿ ಕೂರುತ್ತಾನೆ. ನಡುವೆ ನಾನು, ಎರಡೂ ಕೈಯಲ್ಲಿ ಅಂಚು ಹಿಡಿದು. ಹಿಂದೆ ಅಂದಪ್ಪ.

ಮೊದಲ ಅರ್ಧ ಹೊಳೆ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಸಾಗುತ್ತದೆ. ಹುಟ್ಟಿನ ಸಪ್ಪಳವೇ ಕೇಳುವುದಿಲ್ಲ. ನನ್ನ ಎದೆ ಹಗುರಾಗುತ್ತದೆ, ನೂರಸಾಬ ಸುಮ್ಮನೆ ಹೆದರಿದ್ದ ಅನಿಸುತ್ತದೆ. ಎಮ್ಮೆಬಂಡೆ ಬರುತ್ತದೆ. ಅಂದಪ್ಪ ಹುಟ್ಟು ಎತ್ತಿಕೊಳ್ಳುತ್ತಾರೆ, ಹರಿಗೋಲು ತಿರುಗಲು ಶುರುವಾಗುತ್ತದೆ, ಗುಡ್ಡ ದಂಡೆ ಆಕಾಶ ಒಂದು ಸುತ್ತು ಬರುತ್ತವೆ. ಸುತ್ತು ಮುಗಿಯುವಾಗ ಬಲಗೈ ಮೇಲೇಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟು ತಡ. ಅಷ್ಟರಲ್ಲಿ ಇನ್ನರ್ಧ ಸುತ್ತು. ಎಡಗೈಯನ್ನು ಜೋಡಿಸಿ ಅವರು ಹುಟ್ಟು ಒತ್ತುತ್ತಾರೆ, ಹರಿಗೋಲು ಸುಳಿಯಿಂದ ಹೊರಬೀಳುತ್ತದೆ. ಒಂದು ಹನಿ ನೀರೂ ಒಳಗೆ ಬಂದಿಲ್ಲ. ನನ್ನಂಥವನಿಗೆ ತಪ್ಪು ಆಯಿತೆಂದೇ ಗೊತ್ತಾಗುತ್ತಿರಲಿಲ್ಲ.

ನೂರಸಾಬನ ಬೆನ್ನು ಸೆಟೆಯುತ್ತದೆ. ಅವನ ಕಿವಿಯ ಹಿಂದಿನ ನರ ಉಬ್ಬಿದ್ದು ನನಗೆ ಕಾಣುತ್ತದೆ. ಅವನು ಎದುರಿನ ಗುಡ್ಡ ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ತಿರುಗಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತೇನೆ, ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಗುತ್ತದೆ.

ನೂರಸಾಬ ತಿರುಗಿ ನೋಡುತ್ತಾನೆ. ಅವನ ಮುಖವೆಲ್ಲ ಕಣ್ಣೀರು.

ಅಂದಪ್ಪ ಹರಿಗೋಲನ್ನು ಸುಳಿಯಿಂದ ದೂರ ಒಯ್ಯುತ್ತಾರೆ. ಶಾಂತ ನೀರಿಗೆ ಬಂದ ಮೇಲೆ ಹುಟ್ಟನ್ನು ಅಡ್ಡ ಹಿಡಿದು ಶಿಷ್ಯನ ಕಡೆ ಚಾಚುತ್ತಾರೆ. ಇಬ್ಬರೂ ಕೂತಲ್ಲಿಯೇ ಸರಿದು ಜಾಗ ಬದಲಿಸುತ್ತಾರೆ. ವಾಪಸು ಬರುವಾಗ ಹುಟ್ಟು ನೂರಸಾಬನ ಕೈಯಲ್ಲಿದೆ. ಅದನ್ನು ದೂರದಿಂದಲೇ ಕಂಡು ದಂಡೆಯ ಮೇಲಿನ ಅಂಬಿಗರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ.

"ತಪ್ಪಾತ್ರಿ ಉಸ್ತಾದರ," ಎಂದು ನೂರಸಾಬ ಕಾಲಿಗೆ ಬೀಳಲು ಹೋಗುತ್ತಾನೆ. ಅಂದಪ್ಪ ಎಡಗೈಯಿಂದ ಅವನ ತೋಳು ಹಿಡಿದು ನಿಲ್ಲಿಸುತ್ತಾರೆ. "ತಪ್ಪು ನಿಂದಲ್ಲೋ. ರಟ್ಟಿ ನೋಯ್ತೈತಿ ಅಂತ ನಾ ಮೊದ್ಲ ಹೇಳಬೇಕಿತ್ತು. ಇನ್ನೊಂದು ವರ್ಷ ನಡೀಲಿ ಅಂತ ಆಸೆ ಬಿತ್ತು. ಮತ್ತ ಅದ ಬುದ್ಧಿ ನೋಡು ನಂದು," ಎನ್ನುತ್ತಾರೆ. ಹಂಪವ್ವ ಹತ್ತಿರ ಬಂದು ಅಪ್ಪನ ಬಲಭುಜದ ಮೇಲೆ ಕೈಯಿಟ್ಟು, "ಅಪ್ಪಾ, ಬಾ, ರೊಟ್ಟಿ ಉಣ್ಣು," ಎನ್ನುತ್ತಾಳೆ. ಈ ಸಲ ಅವಳು ಬಿಟ್ಟು ಹೋಗುವುದಿಲ್ಲ.

ಈ ವರ್ಷದ ಪರವಾನಗಿ ಕಾಗದಗಳು ಚೀಲದಲ್ಲಿವೆ. ಅಂದಪ್ಪ ಅವನ್ನೂ ಮಸಿಯ ಡಬ್ಬಿಯನ್ನೂ ತೆಗೆದು ನೂರಸಾಬನ ಮುಂದೆ ಇಡುತ್ತಾರೆ. ಆಮೇಲೆ ಅಂಬಿಗರ ಸಾಲಿನಲ್ಲಿ ತಾವೂ ಹೋಗಿ ಕೂರುತ್ತಾರೆ. ನಾನು ಪುಸ್ತಕ ಮುಚ್ಚುತ್ತಿದ್ದೇನೆ. ಈ ಕೊನೆಯ ಸಂಗತಿಯನ್ನು ಬಿಟ್ಟು ಉಳಿದದ್ದನ್ನಷ್ಟೇ ಬರೆಯುತ್ತೇನೆ, ಹಿರಿಯರ ಮಾನ ಉಳಿಯಲಿ ಎಂದು ಹೇಳುತ್ತೇನೆ.

"ಬ್ಯಾಡ್ರಿ," ಎನ್ನುತ್ತಾರೆ ಅಂದಪ್ಪ. "ಅಂದಪ್ಪ ನಾಪಾಸಾದ ಅಂತ ಬರೀರಿ. ನಾಪಾಸ ಮಾಡಿದಾವಗ ಕಲಿಸಿದಾವನೂ ಅದ ಅಂದಪ್ಪ. ಅದನ್ನೂ ಒಂದು ಸಾಲು ಬರೀರಿ."