ಷರಾ ಬರೆಯುವ ಜಾಗ

ನಾವುಂದದ ನಮ್ಮ ಮನೆಗೆ ಮಳೆ ಅಳೆಯುವ ಡಬ್ಬಿ ಬಂದದ್ದು 1997ರ ಬೇಸಿಗೆಯಲ್ಲಿ. ನಿಮ್ಮ ಅಜ್ಜ ಶಾಲೆಯ ಮಾಸ್ತರಿಕೆ ಮುಗಿಸಿ ಮನೆಯಲ್ಲಿ ಕೂತ ಮೊದಲ ವರ್ಷ ಅದು. ಅವರಿಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಯಾವುದೋ ಕಚೇರಿಯವರು ಊರೂರಿನಲ್ಲಿ ಮಳೆ ಬರೆದಿಡುವವರನ್ನು ಹುಡುಕುತ್ತಿದ್ದಾರೆಂದು ಕೇಳಿ, ತಾವಾಗಿಯೇ ಹೋಗಿ ಒಪ್ಪಿಕೊಂಡು ಬಂದರು. ಡಬ್ಬಿಯ ಹತ್ತಿರ ಮರ, ಮನೆಯ ಮಾಡು ಯಾವುದೂ ಇರಬಾರದಂತೆ. ಹಾಗಾಗಿ ಅಂಗಳದ ಮೂಡು ಬದಿಯ ನನ್ನ ಹೀರೆ ಚಪ್ಪರ ಕಿತ್ತುಹೋಯಿತು. ನನಗೆ ಬೇಡವೆಂದು ಹೇಳಿ ಅಭ್ಯಾಸವಿರಲಿಲ್ಲ.

ನನ್ನ ಬದಲು ಹೇಳಿದವಳು ಬೈಲಿನ ಕೆಳಗಿನ ಮನೆಯವಳು. ಅವಳು ಸಂಬಂಧದಲ್ಲಿ ಅಜ್ಜನಿಗೆ ತಂಗಿಯಾಗಬೇಕು. ಗದ್ದೆಯ ಅಂಚಿನಲ್ಲಿ ನಿಂತು ಡಬ್ಬಿಯನ್ನು ನೋಡಿ, "ಮಳಿ ಅಳೆಯುಕೆ ಡಬ್ಬಿ ಕೊಟ್ಟಿತಂಬ್ರ್. ನಾಳೆ ಗಾಳಿ ಅಳೆಯುಕೆ ಗೋಣಿ ಕೊಡ್ತ್ ಕಾಣಿ ಅತ್ತಿಗೆ" ಅಂದಳು. ಅಜ್ಜನಿಗೂ ನಗು ಬಂತು.

ಕೆಲಸ ಹೇಳುವಷ್ಟು ದೊಡ್ಡದಲ್ಲ. ಡಬ್ಬಿಯ ಮೇಲೆ ಒಂದು ಆಲಿಕೆ, ಒಳಗೊಂದು ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಹೊಯ್ದು, ಎಷ್ಟನೆಯ ಗೆರೆಯವರೆಗೆ ಬಂತೆಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಅದನ್ನೇ ಒಂದು ಹಾಳೆಗೆ ಇಳಿಸಿ ಕಚೇರಿಗೆ ಅಂಚೆಗೆ ಹಾಕಬೇಕು. ಎಂಟೂವರೆಯಾಗುತ್ತಲೇ ಜಗಲಿಯಿಂದ "ಹ್ವಾಯ್, ಕೊಡಿ ತಕಂಡ್ ಬಾ" ಎಂದು ಕರೆ ಬರುತ್ತಿತ್ತು. ನಾನು ಕೊಡೆ ಹಿಡಿದು ನಿಲ್ಲುತ್ತಿದ್ದೆ, ಅವರು ಅಳೆಯುತ್ತಿದ್ದರು. ಬರೆಯುವುದು ಒಳಗೆ ಮೇಜಿನ ಹತ್ತಿರ. ಅಷ್ಟು ಹೊತ್ತಿಗೆ ನಾನು ಒಲೆಯ ಮುಂದೆ ಇರುತ್ತಿದ್ದೆ. ನಾಲ್ಕು ವರ್ಷ ಕೊಡೆ ಹಿಡಿದೆ. ಅವರು ಪುಸ್ತಕದಲ್ಲಿ ಬರೆಯುವುದನ್ನು ಒಂದು ದಿನವೂ ಹತ್ತಿರ ನಿಂತು ನೋಡಲಿಲ್ಲ.

2001ರ ಆಷಾಢದಲ್ಲಿ ಅವರು ಹೋದರು. ಆ ಬೆಳಿಗ್ಗೆಯೂ ಅಳೆದು ಬರೆದಿದ್ದರು. ಮಧ್ಯಾಹ್ನ ಊಟಕ್ಕೆ ಕೂತವರಿಗೆ ಎದೆನೋವು ಬಂತು, ಕುಂದಾಪುರದ ಆಸ್ಪತ್ರೆ ಮುಟ್ಟಲಿಲ್ಲ. ಸೂತಕದ ದಿನಗಳಲ್ಲಿ ನನ್ನನ್ನು ಯಾರೂ ಅಂಗಳಕ್ಕೆ ಇಳಿಯಬಿಡಲಿಲ್ಲ. ಒಳಗೆ ಕೂತು ಮಳೆಯ ಸದ್ದು ಕೇಳುತ್ತಿದ್ದೆ, ಡಬ್ಬಿ ತುಂಬುತ್ತಿದೆ, ಯಾರೂ ನೋಡುತ್ತಿಲ್ಲ ಎಂದು ಅದೊಂದೇ ಯೋಚನೆ. ಸತ್ತವರ ಬಗ್ಗೆ ಯೋಚಿಸದೆ ಡಬ್ಬಿಯ ಬಗ್ಗೆ ಯೋಚಿಸುತ್ತೇನಲ್ಲ ಎಂದು ನಾಚಿಕೆಯಾಯಿತು. ಹನ್ನೆರಡನೆಯ ದಿನ ಹೋಗಿ ನೋಡಿದರೆ ಎಲ್ಲ ದಿನಗಳ ನೀರು ಒಂದಾಗಿತ್ತು. ಯಾವ ದಿನದ್ದೆಂದು ಬರೆಯಲಿ? ಆ ಸಾಲುಗಳನ್ನು ಖಾಲಿ ಬಿಟ್ಟೆ. ಮರುದಿನದಿಂದ ನಾನೇ ಬರೆಯತೊಡಗಿದೆ. ಕೇಳಿದವರೂ ಇಲ್ಲ, ಬೇಡವೆಂದವರೂ ಇಲ್ಲ. ನಾನು ಓದಿದ್ದು ಊರಿನ ಶಾಲೆಯ ಏಳನೆಯ ತರಗತಿ. ಅಂಕಿ ಬರೆಯಲು ಅಷ್ಟು ಸಾಕಿತ್ತು.

ಆ ವರ್ಷಗಳಲ್ಲಿ ಮಳೆಯ ನಡೆ ಬದಲಾಗುತ್ತಾ ಬಂತು. ಆರ್ದ್ರಾ ಮಳೆ ಅಂದರೆ ಹಿಡಿದು ಬಿಡದೆ ಸುರಿಯುವುದು, ಭತ್ತದ ನೇಜಿ ನೆಡುವವರ ಬೆನ್ನು ಒಣಗದಂತೆ. ನನ್ನ ಪುಸ್ತಕದಲ್ಲಿ ಆರ್ದ್ರೆಯ ಸಾಲುಗಳು ಸೊನ್ನೆಯಾಗತೊಡಗಿದವು. ಎಂಟು ದಿನ, ಹತ್ತು ದಿನ ಸೊನ್ನೆ. ಆಮೇಲೆ ಒಂದೇ ರಾತ್ರಿಯಲ್ಲಿ, ಹತ್ತು ದಿನ ಕೂಡಿಟ್ಟುಕೊಂಡು ಬಂದಂತೆ, ಅಷ್ಟೂ ಬೀಳುತ್ತಿತ್ತು. ಬೇರೆಯವರು ಅದನ್ನು ಮರೆಯುತ್ತಿದ್ದರು. ಬರೆದಿಟ್ಟವಳಿಗೆ ಮರೆಯಲು ಆಗುತ್ತಿರಲಿಲ್ಲ. ಪುಟ ತಿರುಗಿಸಿದರೆ ಅಜ್ಜನ ಅಕ್ಷರದ ವರ್ಷಗಳು ಒಂದು ಥರ, ನನ್ನವು ಇನ್ನೊಂದು ಥರ. ನಾನೇ ಎಲ್ಲಿಯಾದರೂ ತಪ್ಪುತ್ತಿದ್ದೇನೋ ಎಂದು ಲೋಟವನ್ನು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಆಮೇಲೊಂದು ಆಶ್ಲೇಷಾ ಮಳೆಯಲ್ಲಿ, ಸೋಮವಾರ ಸಂಜೆಯಿಂದ ಹಿಡಿದ ಮಳೆ ಮಂಗಳವಾರ ಬೆಳಗಾದರೂ ನಿಲ್ಲಲಿಲ್ಲ. ಬೈಲು ಹೊಳೆಯಾಗಿತ್ತು. ನೆಟ್ಟ ಗದ್ದೆಯ ಒಂದು ತುದಿಯೂ ಕಾಣುತ್ತಿರಲಿಲ್ಲ. ಕೆಳಗಿನ ಮನೆಯವಳ ಜಗಲಿಗೆ ನೀರು ಹತ್ತಿತ್ತು. ಅವಳು, ಅವಳ ಸೊಸೆ, ಎರಡು ದನ ನಮ್ಮಲ್ಲಿಗೆ ಬಂದಿದ್ದರು. ಎಂಟೂವರೆಗೆ ಕೊಡೆ ಬಿಡಿಸಿದರೆ ಗಾಳಿಗೆ ಮಡಚಿಹೋಯಿತು. ನೆನೆಯುತ್ತಲೇ ಹೋದೆ. ಬಾಟಲಿ ತುಂಬಿ, ಹೊರಗಿನ ಡಬ್ಬಿಯೂ ಕಂಠದವರೆಗೆ ತುಂಬಿ, ಅಂಚಿನಿಂದ ನೀರು ಕೆಳಗೆ ಇಳಿಯುತ್ತಿತ್ತು. ಲೋಟದ ಮೇಲೆ ಲೋಟ ಅಳೆದೆ. ಲೆಕ್ಕ ತಪ್ಪೀತೆಂದು ಲೋಟಕ್ಕೊಂದರಂತೆ ಹುಣಸೆಬೀಜ ಸೆರಗಿಗೆ ಹಾಕಿಕೊಂಡೆ. ಬೀಜ ಸಾಲದೆ ಬಂತು.

ಒಳಗೆ ಬಂದಾಗ ಕೆಳಗಿನ ಮನೆಯವಳು ಬಾಗಿಲಲ್ಲೇ ನಿಂತಿದ್ದಳು. ಆ ದಿನ ಅವಳಿಗೆ ತಮಾಷೆ ಇರಲಿಲ್ಲ.

"ಇನ್ನೆಷ್ಟ್ ಬತ್ತ್ ಅತ್ತಿಗೆ? ನಿಮ್ಮ್ ಪುಸ್ತಕದಾಗೆ ಎಂತ ಇತ್ತ್?"

"ಬಂದದ್ದ್ ಬರೀತೆ ಅಷ್ಟೇ. ಬಪ್ಪುದ್ ನಂಗ್ ಗೊತ್ತಿಲ್ಲ" ಅಂದೆ.

ಅಂಕಿಯನ್ನು ಬರೆದೆ. ಚೆಲ್ಲಿಹೋದ ನೀರನ್ನು ಎಲ್ಲಿ ಬರೆಯುವುದೆಂದು ತಿಳಿಯಲಿಲ್ಲ. ಪುಟದ ಬಲಬದಿಯಲ್ಲಿ 'ಷರಾ' ಎಂದು ಒಂದು ಕಾಲಂ ಇತ್ತು. ಷರಾ ಬರೆಯುವವರು ಸಾಹೇಬರುಗಳು. ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದರೆ ಪುಸ್ತಕದಲ್ಲಿ ಷರಾ ಬರೆದು ಹೋಗುತ್ತಿದ್ದರು, ಹೆಡ್‌ಮಾಸ್ತರರೇ ಅದನ್ನು ಓದುವಾಗ ಬೆವರುತ್ತಿದ್ದರು. ಅಜ್ಜನೂ ಆ ಕಾಲಂ ಮುಟ್ಟಿರಲಿಲ್ಲ. ಅಲ್ಲಿ ನಾನು ಬರೆಯುವುದುಂಟೆ? ಖಾಲಿ ಬಿಟ್ಟೆ. ಆಮೇಲೆ ಬಹಳ ದಿನ ಆ ಪುಟ ಬಂದರೆ ಬೇಗ ತಿರುಗಿಸಿಬಿಡುತ್ತಿದ್ದೆ.

ಅದಾಗಿ ಎರಡು ವರ್ಷಕ್ಕೆ, 2010 ದಾಟಿದ ಮೇಲೆ, ಜೀಪಿನಲ್ಲಿ ಇಬ್ಬರು ಬಂದರು. ಒಬ್ಬರು ಘಟ್ಟದ ಮೇಲಿನ ಊರಿನ ಪ್ರೊಫೆಸರು, ಇನ್ನೊಬ್ಬಳು ಅವರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಹವಾಮಾನ ಬದಲಾಗುತ್ತಿರುವುದರಿಂದ ಒಂದೇ ದಿನ ಸುರಿಯುವ ದೊಡ್ಡ ಮಳೆಗಳು ಹೆಚ್ಚುತ್ತಿವೆಯೇ ಎಂದು ನೋಡುತ್ತಿದ್ದರಂತೆ. ಅದಕ್ಕೆ ಹಳೆಯ, ನಡುವೆ ಕಡಿಯದ ಬರಹ ಬೇಕಂತೆ. ನಿಮ್ಮ ಅಪ್ಪ ಪುಸ್ತಕಗಳನ್ನೆಲ್ಲ ಜಗಲಿಯಲ್ಲಿ ಹರಡಿಟ್ಟ. ನಾನು ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತೆ.

ಬಹಳ ಹೊತ್ತು ಪುಟ ತಿರುಗುವ ಸದ್ದು ಮಾತ್ರ. ಆಮೇಲೆ ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಅವರು ತಂದಿದ್ದ ಹಾಳೆಗಳಲ್ಲಿ ಬೈಂದೂರು, ಕುಂದಾಪುರ, ಕೊಕ್ಕರ್ಣೆ, ಎಲ್ಲ ಕಡೆಯ ಬರಹದಲ್ಲೂ ಆ ಆಶ್ಲೇಷಾ ಮಳೆ ಮಂಗಳವಾರದ ಸಾಲಿನಲ್ಲಿತ್ತು. ನಮ್ಮದರಲ್ಲಿ ಮಾತ್ರ ಸೋಮವಾರ. ಅದೊಂದೇ ಅಲ್ಲ, ಎಷ್ಟೋ ದಿನಗಳು ಹಾಗೆಯೇ ಕೂಡುತ್ತಿರಲಿಲ್ಲ. ಪ್ರೊಫೆಸರು ಮೆತ್ತಗೆ ನಿಮ್ಮ ಅಪ್ಪನಿಗೆ ಹೇಳಿದರು. ಮಾಸ್ತರರ ಅಕ್ಷರ ಇರುವವರೆಗೆ ಸರಿಯಾಗಿದೆ, ಆಮೇಲಿನದನ್ನು ನಂಬುವಂತಿಲ್ಲ. ಬರೀ ಮಾಸ್ತರರದ್ದು ಇಟ್ಟುಕೊಂಡರೆ ನಾಲ್ಕು ವರ್ಷ, ಅದು ಈ ಕೆಲಸಕ್ಕೆ ಏನೇನೂ ಸಾಲದು. ಹಾಗಾಗಿ ಈ ಊರನ್ನೇ ಬಿಡಬೇಕಾಗುತ್ತದೆ. "ಅಮ್ಮನಿಗೆ ಇದೆಲ್ಲ ಅಷ್ಟು ತಿಳಿಯುವುದಿಲ್ಲ ಸಾರ್" ಎಂದ ನಿಮ್ಮ ಅಪ್ಪ. ಅವನು ಹೇಳಿದ್ದು ನನ್ನನ್ನು ಕಾಪಾಡಲಿಕ್ಕೆ. ಗೊತ್ತಿದ್ದರೂ ಚುಚ್ಚಿತು.

ನನ್ನದು ಹೋದರೆ ಹೋಗಲಿ. ನನ್ನಿಂದಾಗಿ ಅವರದ್ದೂ ಹೋಗುತ್ತದಲ್ಲ. ಚಪ್ಪರ ಕಿತ್ತು ನಿಲ್ಲಿಸಿದ ಡಬ್ಬಿ, ತೀರಿಹೋದ ದಿನದ ಬೆಳಿಗ್ಗೆಯೂ ಬಿಡದೆ ಬರೆದ ಮನುಷ್ಯ. ಗುರುತಿಲ್ಲದ ಗಂಡಸರ ಎದುರು ನಾನು ಅದುವರೆಗೆ ನಿಂತು ಮಾತಾಡಿದವಳಲ್ಲ. ಹುಡುಗಿ ಪುಸ್ತಕಗಳನ್ನು ಜೋಡಿಸಿ ಕಟ್ಟುವುದು ಬಾಗಿಲ ಸಂದಿನಲ್ಲಿ ಕಂಡಿತು. ಹೊಸ್ತಿಲು ದಾಟಿದೆ.

"ಸೋಮವಾರ ರಾತ್ರಿ ಬಂದ್ ಮಳಿ ಸೋಮವಾರದ್ದೇ ಅಲ್ದಾ?" ಅಂದೆ. ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಹೊತ್ತ್ ಹುಟ್ಟದೆ ಮಂಗಳವಾರ ಆಪುದ್ ಹ್ಯಾಂಗೆ?"

ಹುಡುಗಿ ದಾರವನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದಳು. "ಅಜ್ಜಿ, ನೀವು ಅದನ್ನ ಅಳೆದದ್ದು ಯಾವಾಗ?"

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಎಂದೆ. ಹಾಗಾದರೆ ಬರೆದದ್ದು? ಸೋಮವಾರದ ಸಾಲಿಗೆ. ಇನ್ನೆಲ್ಲಿ ಬರೆಯುವುದು? ನಮ್ಮಲ್ಲಿ ಬೆಳಗಿನ ಜಾವ ಹುಟ್ಟಿದ ಮಗುವಿಗೂ ಹಿಂದಿನ ದಿನದ ವಾರವೇ. ಸೂರ್ಯ ಮೂಡಿದರೆ ತಾನೇ ವಾರ ಬದಲಾಗುವುದು. ನೀರು ಅಳೆದದ್ದು ಮಂಗಳವಾರವಾದರೂ ಬಿದ್ದದ್ದು ಸೋಮವಾರ. ಇಷ್ಟು ವರ್ಷ ನಾನು ಹೀಗೇ ಬರೆದದ್ದು. ಅಜ್ಜ ಅಳೆದ ದಿನದ ಸಾಲಿಗೇ ಬರೆಯುತ್ತಿದ್ದರೆಂದು, ಕಚೇರಿಯ ನಿಯಮವೂ ಅದೇ ಎಂದು ನನಗೆ ಗೊತ್ತಾದದ್ದು ಆ ಹೊತ್ತಿಗೆ. ಪ್ರತಿ ತಿಂಗಳೂ ಕಳಿಸಿದ ಹಾಳೆಗಳಿಗೆ ಒಂದು ಉತ್ತರವೂ ಬಂದಿರಲಿಲ್ಲ. ತಪ್ಪೆಂದು ಹೇಳುವವರು ಯಾರು?

ಹುಡುಗಿ ಕಟ್ಟು ಬಿಚ್ಚಿದಳು. ನನ್ನ ಪ್ರತಿ ಸಾಲನ್ನೂ ಒಂದು ದಿನ ಕೆಳಗಿಳಿಸಿ ಬೈಂದೂರಿನ ಅಂಕಿಯ ಪಕ್ಕ ಇಟ್ಟು ನೋಡುತ್ತಾ ಹೋದಳು. ಒಂದು ತಿಂಗಳು ಕೂಡಿತು, ಇನ್ನೊಂದು ಕೂಡಿತು. ಕೂಡದ ಮೂರು ವಾರ ಸಿಕ್ಕಿದವು. ಅದು ನಾನು ನಿಮ್ಮ ಅತ್ತೆಯ ಬಾಣಂತನಕ್ಕೆ ಹೋಗಿದ್ದಾಗ ನಿಮ್ಮ ಅಮ್ಮ ಬರೆದದ್ದು. ಅವಳು ಕಾಲೇಜು ಓದಿದವಳು, ಅವಳ ವಾರ ಗಡಿಯಾರದ ಹನ್ನೆರಡಕ್ಕೆ ಬದಲಾಗುತ್ತದೆ, ಅಳೆದ ದಿನಕ್ಕೇ ಬರೆದಿದ್ದಳು. ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ಮುಂದಿನ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು.

ಪ್ರೊಫೆಸರು ಆ ಆಶ್ಲೇಷಾ ಮಳೆಯ ಸಾಲಿನ ಮೇಲೆ ಬೆರಳಿಟ್ಟರು. ಪುಸ್ತಕದಲ್ಲೆಲ್ಲ ಅತಿ ದೊಡ್ಡ ಅಂಕಿ ಅದು, ಅವರಿಗೆ ಮುಖ್ಯವಾಗಿ ಬೇಕಾದದ್ದೂ ಅದೇ. "ಅಮ್ಮ, ಈ ದಿನ ಡಬ್ಬಿ ತುಂಬಿ ಹೊರಗೆ ಹೋಗಿತ್ತಾ?"

ಇಲ್ಲ ಎಂದರೆ ಯಾರೂ ಕಂಡವರಿಲ್ಲ. ಹೌದು ಎಂದರೆ ಈಗಷ್ಟೇ ಉಳಿದ ಪುಸ್ತಕ ಮತ್ತೆ ಹೋದೀತು. ನಿಮ್ಮ ಅಪ್ಪ ನನ್ನ ಮುಖ ನೋಡುತ್ತಿದ್ದ.

"ಚೆಲ್ಲಿದ್ದ್ ಹೌದ್" ಅಂದೆ. "ಎಷ್ಟ್ ಚೆಲ್ಲಿತ್ ಅಂದ್ ಹೇಳುಕೆ ನನ್ನಿಂದ ಆತಿಲ್ಲ."

ಅವರು ಸಿಟ್ಟಾಗಲಿಲ್ಲ. ಇಲ್ಲೇಕೆ ಬರೆಯಲಿಲ್ಲ ಎಂದು ಷರಾ ಕಾಲಂ ತೋರಿಸಿದರು. ಅದು ನಿಮ್ಮಂಥವರು ಬರೆಯುವ ಜಾಗವಲ್ಲವೇ ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಕಂಡವರು ನೀವು, ನೀವೇ ಬರೆಯಬೇಕು, ಇವತ್ತಿನ ತಾರೀಕು ಹಾಕಿ ಬರೆಯಿರಿ ಎಂದರು. ನಾನು ಬಗ್ಗಿ ಬರೆದೆ: 'ಡಬ್ಬಿ ತುಂಬಿ ಚೆಲ್ಲಿದೆ. ಮಳೆ ಇದಕ್ಕಿಂತ ಹೆಚ್ಚು.'

ಅದನ್ನು ಓದಿ ಅವರು ಹುಡುಗಿಗೆ, ಈ ಅಂಕಿಯನ್ನು ಬಿಡುವುದು ಬೇಡ, ಇದಕ್ಕಿಂತ ಕಡಿಮೆಯಿಲ್ಲ ಎಂದು ಗುರುತು ಮಾಡಿಕೋ ಎಂದರು. ಪುಸ್ತಕಗಳೆಲ್ಲ ಒಟ್ಟಿಗೇ ಜೀಪು ಹತ್ತಿದವು, ಅಜ್ಜನದೂ ನನ್ನದೂ ಒಂದೇ ಕಟ್ಟಿನಲ್ಲಿ. ಪ್ರತಿ ಮಾಡಿಕೊಂಡು ತಿಂಗಳೊಳಗೆ ಹಿಂದೆ ಕಳಿಸಿದರು.

ಪುಸ್ತಕ ಉಳಿಯಿತೆಂದು ಸಮಾಧಾನವಾಗಬೇಕಿತ್ತು. ಒಂದೆರಡು ದಿನ ಆಯಿತು ಕೂಡ. ಆಮೇಲೆ ಆ ಎರಡು ವಾಕ್ಯಗಳೇ ನನ್ನನ್ನು ಹೆದರಿಸತೊಡಗಿದವು. ಅದುವರೆಗೆ ಆ ರಾತ್ರಿಯ ಮಳೆಗೆ ಒಂದು ಅಂಕಿ ಇತ್ತು, ಅಷ್ಟೇ ಎಂದು ಹೇಳಬಹುದಿತ್ತು. ನನ್ನ ಕೈಯಾರೆ ಬರೆದ ಮೇಲೆ ಅದಕ್ಕೆ ಕೊನೆಯೇ ಇಲ್ಲದಂತಾಯಿತು. ಈಗ ದೊಡ್ಡ ಮಳೆಯ ದಿನ ಮರುದಿನದ ಎಂಟೂವರೆಯವರೆಗೆ ಕಾಯುವುದಿಲ್ಲ. ಊಟದ ಮೊದಲೊಮ್ಮೆ, ದೀಪ ಹಚ್ಚುವ ಮೊದಲೊಮ್ಮೆ ಹೋಗಿ ಅಳೆದು, ಡಬ್ಬಿ ಖಾಲಿ ಮಾಡಿ ಬಂದು, ಎಂಟೂವರೆಯ ಲೆಕ್ಕಕ್ಕೆ ಕೂಡಿಸುತ್ತೇನೆ. ಅಳೆದ ಹೊತ್ತು, ಗಾಳಿಯ ದಿಕ್ಕು, ಬೈಲಿನ ನೀರು ಕೆಳಗಿನ ಮನೆಯ ಎಷ್ಟನೆಯ ಮೆಟ್ಟಿಲಿಗೆ ಬಂದಿದೆ ಎಂಬುದು, ಎಲ್ಲವನ್ನೂ ಷರಾದಲ್ಲಿ ಬರೆಯುತ್ತೇನೆ. ಆ ಕಾಲಂ ಈಗ ಸಾಲುವುದಿಲ್ಲ.